ಬೂಟಿನೊಳಗೆ ಕೈ

ನನ್ನ ಬಲಗಾಲು ಇಂದಿಗೂ ನನ್ನ ಜೊತೆಗಿದೆ. ಬೆಳಿಗ್ಗೆ ಸೋಮೇಶ್ವರ ಗುಡಿಯವರೆಗೆ ನಡೆದು ಬರುತ್ತದೆ, ಬಸ್ಸಿನ ಮೆಟ್ಟಿಲು ಹತ್ತುತ್ತದೆ, ಸಿಟ್ಟು ಬಂದಾಗ ನೆಲಕ್ಕೆ ಅಪ್ಪಳಿಸುವುದಕ್ಕೂ ಒದಗುತ್ತದೆ. ಇದಕ್ಕಾಗಿ ನಾನು ಋಣಿಯಾಗಿರುವುದು ಲಕ್ಷ್ಮೇಶ್ವರದ ಬಜಾರಿನಲ್ಲಿ ಬೂಟು, ಚಪ್ಪಲಿ ರಿಪೇರಿ ಮಾಡುವ ಒಬ್ಬರಿಗೆ. ಊರೆಲ್ಲ ಅವರನ್ನು ಚಾಚಾ ಎನ್ನುತ್ತದೆ. ನನಗಿಂತ ಎರಡು ವರ್ಷ ಚಿಕ್ಕವರಾದರೂ ನಾನೂ ಹಾಗೆಯೇ ಕರೆಯುತ್ತೇನೆ.

ನಾನು ಪಿ.ಟಿ. ಮಾಸ್ತರನಾಗಿದ್ದವನು. ನಿವೃತ್ತನಾಗಿ ಕೆಲವು ವರ್ಷಗಳಾದವು. ನೌಕರಿಯಲ್ಲಿದ್ದಷ್ಟು ದಿನ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಬೂಟು ನೋಡುವುದೇ ನನ್ನ ದೊಡ್ಡ ಅಧಿಕಾರ. ನಾನು "ಬೂಟ!" ಎಂದು ಕೂಗಿದರೆ ಇಡೀ ಸಾಲು ಒಂದೊಂದು ಕಾಲು ಮುಂದೆ ಚಾಚಬೇಕು. ಶನಿವಾರ ಬಿಳಿ ಕ್ಯಾನ್ವಾಸ್ ಬೂಟಿನ ದಿನ. ಶುಕ್ರವಾರವೇ ಶಾಲೆಯ ಎಲ್ಲ ತರಗತಿಗಳ ಸೀಮೆಸುಣ್ಣ ಮಾಯವಾಗುತ್ತಿತ್ತು. ಅದನ್ನು ನೀರಿನಲ್ಲಿ ತೇಯ್ದು ಬೂಟಿಗೆ ಬಳಿದುಕೊಂಡು ಬರುತ್ತಿದ್ದರು, ಸಾಲಿನಲ್ಲಿ ನಿಂತಾಗ ಅದು ಒಣಗಿ ಉದುರುತ್ತಿತ್ತು. ನಾನು ಬೈಯುತ್ತಿದ್ದೆ. ಆಮೇಲೆ ನಾನೇ ಕಲಿಸುತ್ತಿದ್ದೆ: ಮೊದಲು ದಾರ ಬಿಚ್ಚಿರಿ, ಸಾಬೂನಿನಲ್ಲಿ ತೊಳೆಯಿರಿ, ಮೇಲೆ ಬಿಳಿ ಕಾಗದ ಸುತ್ತಿ ನೆರಳಿನಲ್ಲಿ ಒಣಗಿಸಿರಿ, ಹಳದಿ ಕಲೆ ಕಾಗದಕ್ಕೆ ಹತ್ತಿಕೊಳ್ಳುತ್ತದೆ, ಬೂಟಿಗಲ್ಲ.

ನನ್ನ ಮೊದಲ ನೌಕರಿ ಮುಂಡರಗಿ ತಾಲೂಕಿನ ಹಮ್ಮಿಗಿಯ ಕಡೆ. ಹೊಳೆಯ ದಂಡೆಯ ಎರೆ ಮಣ್ಣಿಗೆ ನಾನು ಅಲ್ಲಿ ಸೋತೆ. ಮಳೆ ಬಂದ ದಿನ ಎರೆಹೊಲದಲ್ಲಿ ಹತ್ತು ಹೆಜ್ಜೆ ಇಟ್ಟರೆ ಬೂಟು ಎರಡು ಸೇರು ತೂಗುತ್ತದೆ. ಹುರುಪಿನಲ್ಲಿ ಹಸಿ ಮಣ್ಣನ್ನೇ ಬ್ರಷ್ಷಿನಿಂದ ತಿಕ್ಕಿ ಒಂದು ಜೊತೆ ಬೂಟು ಹಾಳು ಮಾಡಿದೆ. ನನಗೆ ಬಾಡಿಗೆ ಕೊಟ್ಟಿದ್ದ ಮನೆಯ ಅಜ್ಜಿ ನೋಡಿ ನಕ್ಕರು.

"ಮಾಸ್ತರ, ಎರಿ ಮಣ್ಣಿನ ಕೂಡ ಜಗಳಾಡಬ್ಯಾಡ್ರಿ. ಒಣಗಾಕ ಬಿಡ್ರಿ, ಅದು ತಾನ ಬಿಟ್ಟ ಹೊಕ್ಕೈತಿ."

ಮರುದಿನ ಒಂದು ಜೋಳದ ದಂಟು ತೆಗೆದುಕೊಂಡು ಬಡಿದರು. ಮಣ್ಣು ಹೆಂಟೆ ಹೆಂಟೆಯಾಗಿ ಬಿದ್ದುಹೋಯಿತು. ಆ ಅಜ್ಜಿಗೂ ನಾನು ಋಣಿ.

ತೊಗಲಿನ ಚಪ್ಪಲಿಯ ಆರೈಕೆ ಕಲಿತದ್ದು ನನ್ನ ಅವ್ವನಿಂದ. ಅಪ್ಪನ ಚಪ್ಪಲಿಗೆ ಹದಿನೈದು ದಿನಕ್ಕೊಮ್ಮೆ ಔಡಲ ಎಣ್ಣೆ ಬೆಚ್ಚಗೆ ಮಾಡಿ ಹಚ್ಚುತ್ತಿದ್ದಳು. ನಾನೊಮ್ಮೆ ಬುದ್ಧಿವಂತಿಕೆ ಮಾಡಿ ಅಡುಗೆಮನೆಯ ಕುಸುಬೆ ಎಣ್ಣೆ ಹಚ್ಚಿದೆ. ವಾರದಲ್ಲಿ ಚಪ್ಪಲಿ ಅಂಟಂಟಾಗಿ ಊರಿನ ಧೂಳನ್ನೆಲ್ಲ ಮೆತ್ತಿಕೊಂಡಿತು. ಅಪ್ಪ ಬೈಯಲಿಲ್ಲ, ಆ ಚಪ್ಪಲಿ ಹಾಕಿಕೊಂಡೇ ಓಡಾಡಿದ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಆದರೆ ಅವ್ವನದು ಇನ್ನೊಂದು ಕಟ್ಟುನಿಟ್ಟಿತ್ತು. ನಮ್ಮದು ದವಸದ ವ್ಯಾಪಾರದ ಮನೆತನ. ಕಾಲಲ್ಲಿ ಹಾಕುವುದನ್ನು ಬಲಗೈಯಿಂದ ಮುಟ್ಟಬಾರದು. ಎತ್ತಿಡುವುದಿದ್ದರೆ ಎಡಗೈಯ ಎರಡು ಬೆರಳು, ಅಷ್ಟೇ. ಮುಟ್ಟಿದ ಮೇಲೆ ಮೂರು ಸಲ ಕೈ ತೊಳೆಯಬೇಕು. ಎಣ್ಣೆ ಹಚ್ಚುವಾಗಲೂ ಅವಳು ಕಡ್ಡಿಗೆ ಅರಿವೆ ಸುತ್ತಿಕೊಂಡೇ ಹಚ್ಚುತ್ತಿದ್ದಳು. ಹೊರಗೆ ಎಷ್ಟಾದರೂ ತಿಕ್ಕು, ಒಳಗೆ ಕೈ ಹಾಕುವುದೆಂದರೆ ಅಸಹ್ಯ. ನಾನು ದೊಡ್ಡವನಾಗಿ, ಊರಿಗೆ ಬೂಟಿನ ಪಾಠ ಹೇಳುವವನಾದ ಮೇಲೂ ಇದು ನನ್ನನ್ನು ಬಿಡಲಿಲ್ಲ. ಅದಕ್ಕೇ ಒಬ್ಬ ಬಡಿಗನಿಂದ ಕಟ್ಟಿಗೆಯದೊಂದು ಕಾಲು ಮಾಡಿಸಿಕೊಂಡಿದ್ದೆ. ಬೂಟನ್ನು ಅದಕ್ಕೆ ತೊಡಿಸಿ ಪಾಲಿಶ್ ಮಾಡುವುದು. ಕೈ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ. ನನ್ನ ಕೆಂಪು ತೊಗಲಿನ ಬೂಟು ಆ ಕಟ್ಟಿಗೆಯ ಕಾಲಿನ ಮೇಲೆ ಕೂತು ಎಷ್ಟು ಹೊಳೆಯುತ್ತಿತ್ತೆಂದರೆ, ನಿವೃತ್ತಿಯ ದಿನ ನನ್ನನ್ನು ಹೊಗಳಿದವರೆಲ್ಲ ನನ್ನ ಬೂಟನ್ನೂ ಹೊಗಳಿದರು. ನಾನು ಉಬ್ಬಿಹೋದೆ.

ನಿವೃತ್ತಿಗೆ ಮೊದಲೇ ಸಕ್ಕರೆ ಕಾಯಿಲೆ ಬಂದು ಸೇರಿಕೊಂಡಿತ್ತು. ಅಂಗಾಲಿನಲ್ಲಿ ಮೊದಲು ಇರುವೆ ಹರಿದಂತಾಗುತ್ತಿತ್ತು, ಆಮೇಲೆ ಅದೂ ನಿಂತಿತು. ನಿಂತದ್ದನ್ನು ಗುಣವಾಯಿತೆಂದುಕೊಂಡೆ. ಕಾಲು ಮರಗಟ್ಟುತ್ತಿದೆ ಎಂದು ತಿಳಿಯಲಿಲ್ಲ.

ಹೀಗಿರುವಾಗ ಗದಗಿನಲ್ಲಿ ತಂಗಿಯ ಮಗಳ ಮದುವೆ ಬಂತು. ಹೊರಡುವ ಹಿಂದಿನ ದಿನ ನೋಡುತ್ತೇನೆ, ಬಲ ಬೂಟಿನ ಹಿಮ್ಮಡಿಯ ಅಟ್ಟೆ ಬಾಯಿ ಬಿಟ್ಟಿದೆ. ಚಾಚಾನ ಅಂಗಡಿಗೆ ಹೋದರೆ ಆಗುತ್ತಿತ್ತು. ಆದರೆ ಊರ ಮಕ್ಕಳಿಗೆ ಬೂಟಿನ ಪಾಠ ಹೇಳಿದ ನಾನು ಒಂದು ಅಟ್ಟೆ ಕೂಡಿಸಲಾರೆನೇ? ಫೋಟೋ ತೂಗುಹಾಕುವ ಮೊಳೆ ತಂದು, ಬೂಟನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು ಹೊಡೆದೆ. ಮೊಳೆ ಬೇಕಾದ್ದಕ್ಕಿಂತ ಎರಡು ನೂಲು, ಎಂದರೆ ಕಾಲಿಂಚು, ಉದ್ದವಾಗಿತ್ತು. ಒಳಗೆ ಕೈಯಾಡಿಸಿದ್ದರೆ ಆ ಕ್ಷಣವೇ ಚುಚ್ಚುತ್ತಿತ್ತು. ನಾನು ಬೂಟನ್ನು ಕಟ್ಟಿಗೆಯ ಕಾಲಿಗೆ ತೊಡಿಸಿ ಪಾಲಿಶ್ ಮಾಡಿದೆ.

ಮದುವೆಯಲ್ಲಿ ನಾಲ್ಕು ದಿನ ಓಡಾಡಿದೆ. ಗದಗಿನಿಂದ ಬೆಟಗೇರಿ, ಬೆಟಗೇರಿಯಿಂದ ಹುಲಕೋಟಿ, ಬೀಗರ ಮನೆ, ಕಲ್ಯಾಣ ಮಂಟಪ. ಎಲ್ಲೂ ನೋವಿಲ್ಲ. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಕಾಲುಚೀಲ ಒಗೆಯಲು ತೆಗೆದುಕೊಂಡು ಹಿತ್ತಲಿನಿಂದಲೇ ಕೂಗಿದಳು.

"ಏನ್ರಿ, ಕಾಲಚೀಲಕ್ಕ ಏನೋ ಕೆಂಪಗ ಹತ್ತೇತಲ್ರಿ?"

"ಪಾಲಿಶ್ ಅದು. ಕೆಂಪು ಬೂಟಿಗೆ ಕೆಂಪು ಪಾಲಿಶ್ ಹಚ್ಚದ ಮತ್ತೇನ ಹಚ್ಚತಾರ?"

"ಪಾಲಿಶ್ ಬೂಟಿನ ಹೊರಗ ಹಚ್ಚತೀರಿ, ಕಾಲಚೀಲದ ತಳಕ್ಕ ಹ್ಯಾಂಗ ಬಂತು?"

ಈ ಪ್ರಶ್ನೆಗೆ ನಾನು ಉತ್ತರ ಹುಡುಕಬೇಕಾಗಿತ್ತು. ಅದರ ಬದಲು "ನಿನಗ ಪಾಲಿಶ್ ಬಗ್ಗೆ ಏನ್ ಗೊತ್ತೈತಿ" ಎಂದೆ. ಮೂವತ್ತು ವರ್ಷ ಮಕ್ಕಳ ಮೇಲೆ ರೇಗಿದವನ ನಾಲಿಗೆ ಅದು. ಅವಳು ಕಾಲುಚೀಲವನ್ನು ನೀರಿಗೆ ಹಾಕಿದಳು. ಇಂದಿಗೂ ಆ ಮಾತು ನೆನಪಾದರೆ ನನಗೆ ನಾಚಿಕೆಯಾಗುತ್ತದೆ. ಅವಳಿಗೆ ಕ್ಷಮೆ ಕೇಳಿದ್ದೇನೆ, ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ.

ವಾರ ಕಳೆಯುವುದರಲ್ಲಿ ಆ ಅಟ್ಟೆ ಮತ್ತೆ ಬಾಯಿ ಬಿಟ್ಟಿತು. ಈ ಸಲ ಹಮ್ಮು ಬದಿಗಿಟ್ಟು, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಬೂಟನ್ನು ಚೀಲದಲ್ಲಿ ಹಾಕಿಕೊಂಡು ಚಾಚಾನ ಹತ್ತಿರ ಹೋದೆ. ಕಾಲುಚೀಲ ಹಾಕಿಯೇ ಇದ್ದೆ, ಹಗಲೆಲ್ಲ ಹಾಕಿಕೊಳ್ಳುವುದು ನನ್ನ ಹಳೆಯ ರೂಢಿ. ಚಾಚಾ ಎಂದಿನಂತೆ ಕಾಲ ಮೇಲೆ ಗೋಣಿತಟ್ಟು ಹೊದ್ದು ಕೂತಿದ್ದರು. ಬೂಟು ತೆಗೆದುಕೊಂಡವರು ಅಟ್ಟೆಯ ಕಡೆ ನೋಡಲೇ ಇಲ್ಲ. ಮೊದಲು ಬಲಗೈಯನ್ನು ಒಳಗೆ ಹಾಕಿದರು, ಮಣಿಕಟ್ಟಿನವರೆಗೆ. ಬೆರಳಿನಿಂದ ಮೂಲೆ ಮೂಲೆ ಸವರಿದರು. ಥಟ್ಟನೆ ಕೈ ಹೊರಗೆ ತೆಗೆದು ಬೆರಳ ತುದಿಗೆ ಹತ್ತಿದ್ದನ್ನು ಬೆಳಕಿಗೆ ಹಿಡಿದು ನೋಡಿದರು.

"ಮಾಸ್ತರ, ಕಾಲ ತೋರಸ್ರಿ."

"ಕಾಲ ಯಾಕ? ಬೂಟ ರಿಪೇರಿ ಮಾಡ್ರಿ."

"ಮೊದಲ ಕಾಲ ತೋರಸ್ರಿ."

ಬಜಾರಿನ ನಡುವೆ, ಹೋಗಿಬರುವವರೆಲ್ಲ "ನಮಸ್ಕಾರ ಸರ್" ಎನ್ನುವಾಗ, ನಾನು ಕಾಲು ಚಾಚಬೇಕಂತೆ! ನನಗೆ ರೇಗಿಹೋಯಿತು. ನನ್ನ ಬೂಟು ನನಗೆ ಕೊಡಿ ಎಂದೆ. ಚಾಚಾ ಆ ಬೂಟನ್ನು ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು.

"ನೀವ್ ಕಾಲ ತೋರಸೂಮಟ ಬೂಟ ಕೊಡಂಗಿಲ್ರಿ. ಬೇಕಾದ್ರ ಪೊಲೀಸರನ್ನ ಕರೀರಿ."

ನಿಂತವರು ನಗತೊಡಗಿದರು. ನಾನು ಸಿಟ್ಟಿನಿಂದಲೇ ಕಾಲುಚೀಲ ಎಳೆದೆ. ಅದು ಹಿಮ್ಮಡಿಗೆ ಅಂಟಿಕೊಂಡಿತ್ತು. ಬಿಡಿಸಿದಾಗ ಬಂದ ವಾಸನೆ ನನ್ನ ಮೂಗಿಗೇ ಬಡಿಯಿತು. ನಗುತ್ತಿದ್ದವರು ಹಿಂದೆ ಸರಿದರು. ಹಿಮ್ಮಡಿಯಲ್ಲಿ ಒಂದು ಕಪ್ಪು ತೂತು, ಅದರ ಸುತ್ತ ಕೀವು. ಅದು ನನ್ನ ಕಾಲೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾಕೆಂದರೆ ಆಗಲೂ ನೋವಿರಲಿಲ್ಲ.

ಚಾಚಾ ಎದ್ದು ಅಂಗಡಿಯ ಬಾಗಿಲು ಎಳೆದರು. ಆಟೋ ಕರೆದು, ನನ್ನ ಹೆಂಡತಿಯನ್ನು ಮನೆಯಿಂದ ಹತ್ತಿಸಿಕೊಂಡು, ಬಸ್‌ಸ್ಟ್ಯಾಂಡಿಗೆ ಬಂದು ನಮ್ಮ ಜೊತೆ ಗದಗಿನವರೆಗೂ ಬಂದರು. ದಾರಿಯುದ್ದಕ್ಕೂ "ಹೆದರಬ್ಯಾಡ್ರಿ, ಹೊತ್ತ ಮೀರಿಲ್ಲ" ಎಂದು ಹೇಳುತ್ತಲೇ ಇದ್ದರು. ನಾನು ಹೆದರಿದ್ದೆ. ಮೈದಾನದಲ್ಲಿ ಬದುಕು ಕಳೆದವನಿಗೆ ಕಾಲಿಲ್ಲದೆ ಹೇಗಿರುವುದೆಂದು ಯೋಚಿಸಿ ಬಸ್ಸಿನಲ್ಲೇ ಕಣ್ಣು ತುಂಬಿ ಬಂತು.

ಡಾಕ್ಟರು ಗಾಯ ಬಿಡಿಸಿ ಸ್ವಚ್ಛ ಮಾಡಿ, ದಾಖಲು ಮಾಡಿಕೊಂಡರು. "ಇನ್ನ ನಾಕ ದಿನ ಬಿಟ್ಟ ಬಂದಿದ್ರ ಪಾದ ಉಳಸೂದು ಕಷ್ಟ ಇತ್ರಿ" ಎಂದರು. "ಇಲ್ಲಿಗೆ ಕಳಿಸಿದ ಡಾಕ್ಟರ್ ಯಾರು?" ಎಂದು ಕೇಳಿದರು. ನನ್ನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಚಾಚಾನನ್ನು ತೋರಿಸಿದಳು. ಡಾಕ್ಟರು ಹೊರಗೆ ಹೋಗಿ ಅವರ ಕೈ ಕುಲುಕಿ ಬಂದರು.

ಗಾಯ ಮಾಯಲು ತಿಂಗಳುಗಳೇ ಬೇಕಾದವು. ಮನೆಗೆ ಬಂದ ಮೇಲೆ ಒಂದು ದಿನ ಮಾಡಲು ಕೆಲಸವಿಲ್ಲದೆ ಆ ಕಟ್ಟಿಗೆಯ ಕಾಲನ್ನು ಕೈಗೆತ್ತಿಕೊಂಡೆ. ಅದರ ಹಿಮ್ಮಡಿಯಲ್ಲೂ ಒಂದು ಸಣ್ಣ ತೂತು. ಅದೇ ಮೊಳೆ, ಅದೇ ಜಾಗ. ಕಟ್ಟಿಗೆಗೂ ಗೊತ್ತಾಗಿರಲಿಲ್ಲ, ನನಗೂ ಗೊತ್ತಾಗಿರಲಿಲ್ಲ. ಅಂದೇ ಅದನ್ನು ನೀರೊಲೆಗೆ ಹಾಕಿದೆ.

ಈಗ ನನ್ನ ಬೆಳಗಿನ ಕೆಲಸ ಬೇರೆ. ಹಾಕಿಕೊಳ್ಳುವ ಮೊದಲು ಬೂಟನ್ನು ತಲೆಕೆಳಗು ಮಾಡಿ ಕೊಡವುತ್ತೇನೆ, ಆಮೇಲೆ ಒಳಗೆ ಕೈ ಹಾಕುತ್ತೇನೆ. ಓಟದ ಬೂಟಾದರೆ ಒಳಗಿನ ಮೆತ್ತೆ ತೆಗೆದು ಬೇರೆ ಒಣಗಿಸುತ್ತೇನೆ. ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಚಪ್ಪಲಿಯನ್ನು ಸಾಬೂನಿನಿಂದ ತೊಳೆದು, ಅದರ ಮೇಲೂ ಬೆರಳಾಡಿಸುತ್ತೇನೆ. ಕೆಂಪು ಬೂಟು ಈಗಲೂ ಇದೆ, ಮೊದಲಿನಷ್ಟು ಹೊಳೆಯುವುದಿಲ್ಲ. ಸಂಜೆ ಹೆಂಡತಿ ನನ್ನ ಅಂಗಾಲು ನೋಡುತ್ತಾಳೆ. "ಬೂಟ!" ಎಂದು ನನ್ನ ದನಿಯಲ್ಲೇ ಕೂಗುತ್ತಾಳೆ, ನಾನು ಕಾಲು ಮುಂದೆ ಚಾಚುತ್ತೇನೆ.

ಚಾಚಾನನ್ನು ಊಟಕ್ಕೆ ಕರೆದು ಕರೆದು ಸಾಕಾಗಿತ್ತು. ಪ್ರತಿ ಸಲ ಏನಾದರೊಂದು ನೆಪ ಹೇಳುತ್ತಿದ್ದರು. ಕೊನೆಗೆ ಒಂದು ಶುಕ್ರವಾರ, ನಮಾಜು ಮುಗಿಸಿ ಬಂದರು. ಬಾಗಿಲಲ್ಲಿ ಬೂಟು ಬಿಚ್ಚುವಾಗ ಗೋಡೆ ಹಿಡಿದು ನಿಂತರು. ಅವರು ಚಪ್ಪಲಿಯಲ್ಲ, ಯಾವಾಗಲೂ ಬೂಟೇ ಹಾಕುತ್ತಾರೆ ಎಂಬುದನ್ನು ನಾನು ಅಂದೇ ಗಮನಿಸಿದ್ದು. ಅಂಗಡಿಯಲ್ಲಿ ಅವರ ಕಾಲು ಗೋಣಿತಟ್ಟಿನ ಕೆಳಗೇ ಇರುತ್ತಿತ್ತು. ಎಡಗಾಲಿನಲ್ಲಿ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಇರಲಿಲ್ಲ.

ನಾನು ನೋಡಿದ್ದನ್ನು ಅವರೂ ನೋಡಿದರು.

"ನನಗೂ ಸಕ್ಕರಿ ಐತ್ರಿ ಮಾಸ್ತರ. ಒಂದು ಜಾಲಿ ಮುಳ್ಳು. ಅಟ್ಟಿ ತೂರಿ ಬಂದಿತ್ತು, ಗೊತ್ತಾಗಲಿಲ್ಲ."

"ಚಾಚಾ, ನಿಮಗ ಗೊತ್ತಾಗಲಿಲ್ಲ ಅಂದ್ರ ಹ್ಯಾಂಗ?"

"ಊರ ಮಂದಿ ಬೂಟಿನಾಗೆಲ್ಲ ಕೈ ಹಾಕತಿದ್ದೆ, ನನ್ನವೊಂದು ಬಿಟ್ಟು" ಎಂದು ನಕ್ಕರು. "ಹಿಂಗಾಗಿ ಅವತ್ತ ನಿಮ್ಮನ್ನ ಬಿಡಾಕ ಮನಸ್ಸಾಗಲಿಲ್ಲ. ನೀವ್ ಬೈದ್ರೂ ಚಿಂತಿಲ್ಲ ಅಂತ ಕುಂತೆ."

ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಚಾಚಾ ನನ್ನ ಹೆಂಡತಿಯ ಕೈರುಚಿ ಹೊಗಳುತ್ತ ಮೂರು ರೊಟ್ಟಿ ತಿಂದರು. ಬೆನ್ನ ಹಿಂದೆ ನನ್ನ ಬೂಟು ಬಚ್ಚಿಟ್ಟುಕೊಂಡು ಕೂತ ಅವರ ಮುಖವೇ ಕಣ್ಣ ಮುಂದಿತ್ತು. ನಾನು ಬಜಾರಿನಲ್ಲಿ ಕೂಗಾಡುವಾಗ ಗೋಣಿತಟ್ಟಿನ ಕೆಳಗೆ ಆ ಕಾಲಿತ್ತು.

ಅವರು ಹೊರಡಲು ಎದ್ದಾಗ ನಾನು ಮೊದಲು ಬಾಗಿಲಿಗೆ ಹೋದೆ. ಕೂತು ಅವರ ಎಡ ಬೂಟು ಎತ್ತಿಕೊಂಡೆ.

"ಏ ಮಾಸ್ತರ, ಏನ್ ಮಾಡಾಕತ್ತೀರಿ! ಇಡ್ರಿ ಅದನ್ನ!"

"ಸುಮ್ನಿರ್ರಿ ಚಾಚಾ."

ಬಲಗೈಯನ್ನು ಒಳಗೆ ಹಾಕಿದೆ, ಮಣಿಕಟ್ಟಿನವರೆಗೆ. ಒಳಗೆ ಇನ್ನೂ ಅವರ ಕಾಲಿನ ಬಿಸಿಯಿತ್ತು. ಬೆರಳುಗಳಿಲ್ಲದ ಕಡೆ ಬೂಟು ಕುಸಿಯದಂತೆ ಮುಂದೆ ಅರಳೆ ತುರುಕಿದ್ದರು. ಅದನ್ನೂ ಸವರಿದೆ, ಹಿಮ್ಮಡಿಯನ್ನೂ ಸವರಿದೆ. ಬದಿಯಲ್ಲಿ ಒಂದು ಸಣ್ಣ ಹರಳು ಸಿಕ್ಕಿತು, ತೆಗೆದು ಅಂಗಳಕ್ಕೆ ಎಸೆದೆ. ಇನ್ನೊಂದು ಬೂಟನ್ನೂ ನೋಡಿ, ಎರಡನ್ನೂ ಜೋಡಿಸಿ ಅವರ ಮುಂದಿಟ್ಟೆ.

"ಏನೂ ಇಲ್ಲ. ಹಾಕ್ಕೊಳ್ರಿ."

ಚಾಚಾ ನನ್ನ ಹೆಗಲ ಮೇಲೆ ಕೈಯೂರಿ ಒಂದೊಂದೇ ಕಾಲು ಒಳಗಿಟ್ಟರು. ಅವರು ಓಣಿಯ ತಿರುವಿನವರೆಗೆ ಹೋಗುವುದನ್ನು ನೋಡುತ್ತ ನಿಂತೆ. ಹೆಂಡತಿ ಚರಿಗೆಯಲ್ಲಿ ನೀರು ತಂದು "ಕೈ ತೊಳ್ಕೋರಿ" ಎಂದಳು. ಆಮೇಲೆ ತೊಳೆದುಕೊಳ್ಳುತ್ತೇನೆ ಎಂದು ಹೇಳಿ ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.