ಆನೆಯ ಮೇಲೊಂದು ಹೂಂ

ಆಸ್ಪತ್ರೆಯಲ್ಲಿ ಅವಳಿಗೆ ಬೆಡ್‌ಶೀಟಕ್ಕ ಅಂತಲೇ ಹೆಸರು. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಯಂತ್ರಗಳು ಒಗೆದು ಒಣಗಿಸಿ ಹೊರಗೆ ಹಾಕಿದ ಬಿಸಿಬಿಸಿ ಬೆಡ್‌ಶೀಟುಗಳನ್ನು ಮಡಿಸಿ, ವಾರ್ಡಿಗಿಷ್ಟು ಅಂತ ಕಟ್ಟು ಕಟ್ಟಿ ಕಳಿಸಬೇಕು. ದೊಡ್ಡ ಬೆಡ್‌ಶೀಟನ್ನು ಚೊಕ್ಕವಾಗಿ ಮಡಿಸುವುದು ಒಬ್ಬರಿಂದ ಆಗುವ ಮಾತಲ್ಲ. ಆ ಕಡೆಯ ಮೂಲೆ ಹಿಡಿದು ಒಬ್ಬಳು, ಈ ಕಡೆಯ ಮೂಲೆ ಹಿಡಿದು ಇನ್ನೊಬ್ಬಳು ನಿಂತು ಜಾಡಿಸಬೇಕು, ಮಡಿಸಬೇಕು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಅವಳ ಎದುರು ನಿಲ್ಲುತ್ತಿದ್ದವಳು ಬಾಯಿಬಡುಕಿ ಗೆಳತಿಯೊಬ್ಬಳು. "ದಿನಕ್ಕೆ ಎಷ್ಟು ಸಲ ನಿನ್ನ ಕೈ ಹಿಡೀತೀನೋ ಅಷ್ಟು ಸಲ ನನ್ನ ಗಂಡನ ಕೈ ಜನ್ಮದಲ್ಲಿ ಹಿಡಿದಿಲ್ಲ ಕಣೇ" ಎಂದು ಆ ಗೆಳತಿ ನಗುತ್ತಿದ್ದಳು. ಇವಳೂ ನಗುತ್ತಿದ್ದಳು. ಆದರೆ ಒಳಗೆಲ್ಲೋ ಚುರುಕ್ಕೆನ್ನುತ್ತಿತ್ತು.

ಇವಳ ಗಂಡ ಊರಾಚೆಯ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಅವಳು ಸಂಜೆ ಮನೆಗೆ ಬರುವ ಮುಂಚೆಯೇ ಬೀಗ ಹಾಕಿಕೊಂಡು ಹೊರಟಿರುತ್ತಿದ್ದ. ರಾತ್ರಿಯೆಲ್ಲ ಓವನ್ನಿನ ಮುಂದೆ ಬೆಂದು, ಹುಬ್ಬಿಗೆಲ್ಲ ಮೈದಾ ಅಂಟಿಸಿಕೊಂಡು, ಪೊಟ್ಟಣದಲ್ಲಿ ಒಂದು ಬಿಸಿ ಬ್ರೆಡ್ ಹಿಡಿದು ಅವನು ಬೆಳಿಗ್ಗೆ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದಳು. "ಬಂದೆ" ಎನ್ನುತ್ತಿದ್ದ ಅವನು. "ಬರ್ತೀನಿ" ಎನ್ನುತ್ತಿದ್ದಳು ಅವಳು. ಹೊರಟವರು ಹೋಗ್ತೀನಿ ಅನ್ನಬಾರದಲ್ಲ, ಅದಕ್ಕೇ ಬರ್ತೀನಿ. ಹೀಗೆ ಆ ಹೊಸ್ತಿಲಲ್ಲಿ ದಿನಾ ಒಬ್ಬರು ಬಂದೆ ಅಂತಲೂ ಇನ್ನೊಬ್ಬರು ಬರ್ತೀನಿ ಅಂತಲೂ ಹೇಳುತ್ತಿದ್ದರೇ ಹೊರತು, ಇಬ್ಬರೂ ಕೂಡಿ ಮನೆಯೊಳಗೆ ಇದ್ದದ್ದು ಅಪರೂಪ. ಕೆಳಗಿನ ಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು ಇದಕ್ಕೊಂದು ವ್ಯಾಕರಣ ಕಟ್ಟಿದ್ದರು. "ಆಕೆಯದು ಬೆಡ್ಡು, ಅವನದು ಬ್ರೆಡ್ಡು. ಇಬ್ಬರ ನಡುವೆ ಅಡ್ಡ ಇರೋದು ಒಂದೇ ಒಂದು ರಕಾರದ ಒತ್ತು. ರಾತ್ರಿಯ ರ!" ಬೀದಿಗೆಲ್ಲ ಈ ಜೋಕು ಹಿಡಿಸಿತ್ತು. ಮೇಷ್ಟ್ರಿಗೇನು, ಒತ್ತಕ್ಷರ ಬರೆಯುವುದು ಸುಲಭ, ಅದರಡಿ ಬದುಕುವವರ ಪಾಡು ಬೇರೆ.

ಮನೆಯಲ್ಲಿ ಇದ್ದದ್ದು ಒಂದೇ ಮಂಚ. ಅವಳು ಎದ್ದುಹೋದ ಕಾವಿನಲ್ಲಿ ಅವನು ಮಲಗುತ್ತಿದ್ದ. ಅವನು ತಲೆಯಿಟ್ಟು ಎದ್ದ ದಿಂಬಿನಲ್ಲಿ ರಾತ್ರಿ ಅವಳಿಗೆ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಆ ವಾಸನೆಗೆ ಮುಖ ಒತ್ತಿಕೊಂಡು ಮಲಗುವುದು ಅವಳಿಗೆ ಅಭ್ಯಾಸವಾಗಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ.

ಹೀಗಾಗಿದ್ದು ಮಗಳು ತೊಟ್ಟಿಲಲ್ಲಿದ್ದಾಗ. ಕೂಸನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಹಗಲು ಒಬ್ಬರಾದರೂ ಮನೆಯಲ್ಲಿರಲಿ ಎಂದು ಅವನು ರಾತ್ರಿ ಪಾಳಿ ಕೇಳಿ ಪಡೆದ. ನಿದ್ದೆಗಣ್ಣಿನಲ್ಲೇ ಮಗುವಿಗೆ ಹಾಲು ಕುಡಿಸಿದ, ಜಡೆ ಹಾಕಲು ಕಲಿತ, ಶಾಲೆಗೆ ಬಿಟ್ಟು ಬಂದ. ಸಂಜೆಯಿಂದ ಅಮ್ಮ, ಬೆಳಗಿನಿಂದ ಅಪ್ಪ. ಮಗಳಿಗೆ ಇಬ್ಬರೂ ಸಿಕ್ಕರು, ಇವರಿಗೆ ಇವರು ಸಿಗಲಿಲ್ಲ. ಮಗಳು ದೊಡ್ಡವಳಾಗಿ ಮದುವೆಯಾಗಿ ಹೋದಮೇಲೂ ಅವನು ಪಾಳಿ ಬದಲಿಸಲಿಲ್ಲ. ಬದಲಿಸಿ ಅಂತ ಇವಳೂ ಬಾಯಿಬಿಟ್ಟು ಹೇಳಲಿಲ್ಲ. ಈ ವಯಸ್ಸಿನಲ್ಲಿ ಗಂಡನ ಮುಂದೆ ನಿಂತು 'ನೀವು ಮನೇಲಿರಿ, ನನಗೆ ನೀವು ಬೇಕು' ಅನ್ನುವುದಾದರೂ ಹೇಗೆ? ಅವನಿಗೇ ಅನ್ನಿಸಲಿ, ಅವನೇ ಹೇಳಲಿ ಎಂದು ಕಾದಳು. ಕಾಯುವುದರಲ್ಲಿ ಅವಳಷ್ಟು ಪಳಗಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಅಷ್ಟರಲ್ಲಿ ಬಂತು ನೋಡಿ, ಕಾಡಿನ ಪ್ರವಾಸ.

ಅದು ಇವರಿಗೆ ಬಂದದ್ದಲ್ಲ. ಮಗಳು ಮತ್ತು ಅಳಿಯ ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ಸುತ್ತುವ ಹುಚ್ಚಿನವರು. ಕಾಡಿನಲ್ಲಿ ನಡಿಗೆ, ಗುಡಿಸಲಲ್ಲಿ ವಾಸ, ಕೊನೆಗೊಂದು ಆನೆ ಸವಾರಿ, ಎಲ್ಲವನ್ನೂ ಮುಂಗಡವಾಗಿ ಗೊತ್ತುಮಾಡಿಟ್ಟಿದ್ದರು. ಆಮೇಲೆ ನೋಡಿದರೆ ಮಗಳು ಬಸುರಿ. ಡಾಕ್ಟರು ಕಾಡೂ ಬೇಡ ಆನೆಯೂ ಬೇಡ ಅಂದರು. ಮಗಳು ಎರಡು ದೊಡ್ಡ ಚೀಲಗಳನ್ನು ತಂದು ಅಪ್ಪನ ಮಂಚದ ಪಕ್ಕ ಇಟ್ಟಳು.

"ನೀವೇ ಹೋಗಿಬನ್ನಿ."

"ನೋಡೋಣ" ಎಂದ ಅಪ್ಪ. ಅವನ ನೋಡೋಣ ಅಂದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಆ ಮಾತಿನ ಮೇಲೆ ಎಷ್ಟೋ ಆಸೆಗಳು ಕೂತು ಕೂತು ಮುದಿಯಾಗಿದ್ದವು.

"ನೋಡೋಣ ಅಲ್ಲಪ್ಪ, ಹೋಗಿ ನೋಡಿ" ಎಂದಳು ಮಗಳು. ಅಮ್ಮ ಆಗಲೇ ಚೀಲದ ಪಟ್ಟಿ ಹೆಗಲಿಗೆ ಹಾಕಿ ಕನ್ನಡಿ ಮುಂದೆ ನಿಂತಿದ್ದಳು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಹೊಸ್ತಿಲಲ್ಲಿ ಅವನು ಬಂದೆ ಅಂದವನು ಒಳಗೆ ಹೋಗದೆ ನಿಂತ. "ಫೋರ್‌ಮನ್ ಡೇ ಶಿಫ್ಟಿಗೆ ಬರ್ತೀಯಾ ಅಂತ ಕೇಳಿದ. ಒಂದು ಜಾಗ ಖಾಲಿ ಆಗಿದೆಯಂತೆ. ಪ್ರವಾಸದಿಂದ ಬಂದ ದಿನವೇ ಹೇಳಬೇಕಂತೆ."

"ನೀವೇನಂದ್ರಿ?"

"ನೋಡೋಣ ಅಂದೆ." ಅವಳ ಮುಖವನ್ನೇ ನೋಡುತ್ತಿದ್ದ.

ಕೆಳಗೆ ಆಸ್ಪತ್ರೆಯ ಬಸ್ಸು ಹಾರನ್ ಹೊಡೆಯಿತು. ಅವಳು ಬರ್ತೀನಿ ಎಂದು ಇಳಿದುಹೋದಳು. ಒಂದೇ ಒಂದು ಮಾತು, ಬನ್ನಿ ಅಂದಿದ್ದರೆ ಮುಗಿದಿತ್ತು. ಬಸ್ಸಿನಲ್ಲಿ ಕೂತು ತನ್ನನ್ನು ತಾನೇ ಬೈದುಕೊಂಡಳು. ಆಮೇಲೆ ನಿರ್ಧರಿಸಿದಳು, ಕಾಡಿನಲ್ಲಿ ಕೇಳಿಯೇ ಬಿಡುತ್ತೇನೆ. ಎಲ್ಲಿ ಅಂದರೆ, ಆನೆ ಮೇಲೆ. ಆನೆ ಮೇಲೆ ಕೂತವನು ಎದ್ದು ಎಲ್ಲಿಗೆ ಹೋಗುತ್ತಾನೆ?

ಕಾಡಿನಲ್ಲಿ ಅವರದೇ ಒಂದು ತಮಾಷೆಯಾಯಿತು. ಜೊತೆಗಿದ್ದವರೆಲ್ಲ ಹುಡುಗ ಹುಡುಗಿಯರು. ಈ ಜೋಡಿ ಮಾತ್ರ ನಡುವಯಸ್ಸು ದಾಟಿದ್ದು, ಮಗಳ ಗುಲಾಬಿ ಚೀಲ ಹೊತ್ತ ಅಪ್ಪ, ಅಳಿಯನ ಟೋಪಿ ಹಾಕಿದ ಅಮ್ಮ. ದಾರಿ ತೋರಿಸುವವನು ಜಿಗಣೆಗೆ ಮದ್ದೆಂದು ಕಾಲುಚೀಲಕ್ಕೆಲ್ಲ ಉಪ್ಪು ಸವರಿಸಿದ. ಆದರೂ ಅವಳ ಹಿಮ್ಮಡಿಗೆ ಒಂದು ಹತ್ತಿತು. ಗಂಡ ನೆಲಕ್ಕೆ ಕೂತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಉಪ್ಪು ಹಾಕಿ ಅದನ್ನು ಬಿಡಿಸಿದ. ಅವನ ಬೆರಳುಗಳಲ್ಲಿ ಓವನ್ನಿನ ಸುಟ್ಟ ಗುರುತುಗಳಿದ್ದವು. ಕೆಲವು ಹಳೆಯವು, ಒಂದೆರಡು ಅವಳು ನೋಡೇ ಇರದ ಹೊಸವು. ಯಾವಾಗ ಸುಟ್ಟುಕೊಂಡಿರಿ ಎಂದು ಕೇಳಲು ಹೋಗಿ ಸುಮ್ಮನಾದಳು. ಹೆಂಡತಿಯಾದವಳು ಅಂಥದ್ದನ್ನು ಕೇಳಿ ತಿಳಿಯುವಂತಾಯಿತಲ್ಲ ಎಂದುಕೊಂಡಳು.

ನಡೆದು ನಡೆದು ಸುಸ್ತಾದ ಅವಳು ಗುಡಿಸಲಿಗೆ ಬಂದದ್ದೇ ತಡ, ಕೊರಡಿನಂತೆ ಬಿದ್ದು ನಿದ್ದೆಹೋದಳು. ಅವನಿಗೆ ಕಣ್ಣೇ ಮುಚ್ಚಲಿಲ್ಲ. ಅವನ ಮೈಗೆ ರಾತ್ರಿ ಅಂದರೆ ಕೆಲಸದ ಹೊತ್ತು. ಬೆಳಿಗ್ಗೆ ಅವಳು ಎದ್ದು ನೋಡಿದರೆ ಹೊರಗೆ ಬೆಂಕಿಯ ಪಕ್ಕ ಕೂತು ಕೆಂಪು ಕಣ್ಣು ಬಿಟ್ಟುಕೊಂಡು ಆಕಳಿಸುತ್ತಿದ್ದ. "ಬಂದೆ" ಎಂದು ಒಳಗೆ ಬಂದ. ಕಾಡಿಗೆ ಬಂದರೂ ಪಾಳಿ ಇವರನ್ನು ಬಿಡಲಿಲ್ಲ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಹೊದ್ದಿದ್ದ ಕಂಬಳಿಯನ್ನು ಮಡಿಸಲು ಎತ್ತಿದಾಗ ಅವನ ಕೈಗೆ ಎರಡು ಮೂಲೆ ಕೊಟ್ಟಳು. ಅವಳು ಬಲಕ್ಕೆ ಮಡಿಸಿದರೆ ಅವನು ಎಡಕ್ಕೆ ತಿರುಗಿಸಿದ. ಕಂಬಳಿ ಹಗ್ಗದಂತೆ ಹೊಸೆದುಕೊಂಡಿತು.

"ಇಷ್ಟೂ ಬರಲ್ವೇನ್ರೀ ನಿಮಗೆ?"

"ಬ್ರೆಡ್ಡಿಗೆ ಮೂಲೆ ಹಿಡಿಯೋರು ಬೇಕಾಗಲ್ಲ ಕಣೆ."

ಇಬ್ಬರೂ ನಕ್ಕು ನಕ್ಕು ಕಂಬಳಿಯನ್ನು ಹಾಗೇ ಬಿಟ್ಟರು. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಂದೇ ಕಾರಣಕ್ಕೆ ಒಂದೇ ಹೊತ್ತಿಗೆ ನಕ್ಕದ್ದು ಅದು.

ಆನೆಯ ದಿನ ಬಂತು. ವಯಸ್ಸಾದ ಹೆಣ್ಣಾನೆ, ಕಿವಿಯ ಅಂಚೆಲ್ಲ ಹರಿದ ಸೆರಗಿನಂತೆ. ಮರದ ಅಟ್ಟಣೆ ಹತ್ತಿ ಅದರ ಬೆನ್ನಿನ ಮೆತ್ತೆಯ ಮೇಲೆ ಕೂತರು. ಕೊರಳ ಮೇಲೆ ಮಾವುತ, ಅವನ ಹಿಂದೆ ಅವಳು, ಅವಳ ಹಿಂದೆ ಗಂಡ. ಆನೆ ಹೆಜ್ಜೆ ಇಟ್ಟಾಗ ಇಡೀ ಕಾಡೇ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿತ್ತು. ಮೊದಮೊದಲು ಹೆದರಿಕೆಯಾಯಿತು, ಆಮೇಲೆ ಹಿತವಾಯಿತು. ಅವನ ಮುಖ ಕಾಣದೆ ಇದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡಳು. ಕಣ್ಣೆದುರು ಬಾರದ ಮಾತು ಬೆನ್ನ ಹಿಂದಾದರೂ ಬಂದೀತು.

"ರೀ, ನವಿಲು ನೋಡಿದ್ರಾ?"

"ಹೂಂ."

"ತಂಪಾಗಿದೆ ಅಲ್ವಾ?"

"ಹೂಂ."

ಅವಳು ಉಸಿರೆಳೆದುಕೊಂಡಳು. "ರೀ, ಆ ಡೇ ಶಿಫ್ಟ್ ಒಪ್ಕೊಂಡುಬಿಡಿ. ಸಂಜೆ ನಾನು ಬರುವಾಗ ಬಾಗಿಲಿಗೆ ಬೀಗ ಇರಬಾರದು. ಒಳಗೆ ನೀವಿರಬೇಕು. ಇಷ್ಟು ವರ್ಷ ಇದನ್ನೇ ಕೇಳ್ಬೇಕು ಅಂತಿದ್ದೆ. ಒಪ್ಕೋತೀರಾ?"

ಆನೆ ಇನ್ನೂ ನಾಲ್ಕು ಹೆಜ್ಜೆ ಇಟ್ಟಿತು. ಆಮೇಲೆ, ಮೆಲ್ಲಗೆ, "ಹೂಂ."

ಅವಳಿಗೆ ಕಾಡೆಲ್ಲ ಮಸುಕಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಷ್ಟೇನಾ, ಇಷ್ಟು ಸುಲಭವೇ? ಇದಕ್ಕಾಗಿಯೇ ಇಷ್ಟು ವರ್ಷ ದಿಂಬಿಗೆ ಮುಖ ಒತ್ತಿದೆನೇ? ಸಂಜೆ ಇಬ್ಬರೂ ಕೂತು ಚಹಾ ಕುಡಿಯುವುದು, ಬೀದಿಯ ತುದಿಯವರೆಗೆ ನಡೆದು ಬರುವುದು, ದೀಪ ಯಾರು ಆರಿಸಬೇಕು ಅಂತ ಜಗಳ ಆಡುವುದು, ಒಂದೊಂದನ್ನೇ ಮನಸ್ಸಿನಲ್ಲಿ ಮಡಿಸಿ ಮಡಿಸಿ ಜೋಡಿಸಿಟ್ಟುಕೊಂಡಳು.

ಮಾವುತ ಹಿಂದಿರುಗಿ ನೋಡಿ ನಕ್ಕ. "ಅಮ್ಮಾ, ಯಜಮಾನ್ರು ನಿದ್ದೆ ಹೊಡೀತಿದಾರೆ. ಗಟ್ಟಿಯಾಗಿ ಹಿಡ್ಕೊಳ್ಳಿ, ಬಿದ್ದುಗಿದ್ದಾರು."

ಅವಳು ತಿರುಗಿದಳು. ಅವನ ಗದ್ದ ಎದೆಗೆ ತಗುಲಿತ್ತು. ಬಾಯಿ ಅರ್ಧ ತೆರೆದಿತ್ತು. ಹಗಲು ಅವನ ನಿದ್ದೆಯ ಹೊತ್ತು, ಅದರ ಮೇಲೆ ಆನೆ ತೂಗುತ್ತಿದೆ, ಇನ್ನೇನಾಗುತ್ತದೆ? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಅನ್ನುವುದು ಇಂಥವನನ್ನು ನೋಡಿಯೇ ಹುಟ್ಟಿದ ಗಾದೆ. ಆ ಹೂಂಗಳೆಲ್ಲ ನಿದ್ದೆಯವು. ಚಿಕ್ಕವಳಿದ್ದಾಗ ಮಗಳು ಹಗಲೆಲ್ಲ ಪಕ್ಕದಲ್ಲಿ ಕೂತು ಹೇಳುತ್ತಿದ್ದ ಕಥೆಗಳಿಗೆ ನಿದ್ದೆಯಲ್ಲೇ ಹೂಂಗುಟ್ಟಿ ಹೂಂಗುಟ್ಟಿ ಅವನಿಗೆ ಅದು ರೂಢಿಯಾಗಿಬಿಟ್ಟಿತ್ತು.

ಎಬ್ಬಿಸಬೇಕು ಅನ್ನಿಸಿತು. ಎಬ್ಬಿಸಲಿಲ್ಲ. ಕೈ ಹಿಂದೆ ಚಾಚಿ ಅವನ ಎರಡೂ ಕೈಗಳನ್ನು ತಂದು ತನ್ನ ಸೊಂಟಕ್ಕೆ ಸುತ್ತಿಕೊಂಡು ಬಿಗಿಯಾಗಿ ಹಿಡಿದಳು. ಅವನ ತಲೆ ಅವಳ ಹೆಗಲಿಗೆ ಬಿತ್ತು. ಆನೆ ಹೊಳೆ ದಾಟಿತು, ಬಿದಿರ ಮೆಳೆ ದಾಟಿತು. ಈ ಆನೆ ಹೀಗೇ ನಡೆಯುತ್ತಿರಲಿ, ಇಳಿಯುವ ಅಟ್ಟಣೆ ಬಾರದೇ ಇರಲಿ ಎಂದು ಅವಳು ಆಸೆಪಟ್ಟಳು. ಅಟ್ಟಣೆ ಬಂತು. ಅವನು ಕಣ್ಣುಜ್ಜಿಕೊಂಡು "ಮುಗೀತಾ?" ಎಂದ.

ವಾಪಸು ಬರುವ ದಾರಿಯಲ್ಲಿ ಎರಡನೇ ಸಲ ಕೇಳಲು ಬಾಯಿ ಬರಲಿಲ್ಲ. ಮನೆಗೆ ಬಂದ ದಿನವೇ ಸಂಜೆ ಅವನು ಕಾರ್ಖಾನೆಗೆ ಹೊರಟ. ಹೊಸ್ತಿಲಲ್ಲಿ ಸುಮ್ಮನೆ ನಿಂತ, ಚಪ್ಪಲಿ ಹಾಕಿದವನು ಬಿಚ್ಚಿ ಮತ್ತೆ ಹಾಕಿದ. ಅವಳು ಬಾಗಿಲು ಹಿಡಿದು ನಿಂತಿದ್ದಳು. ಅವಳೇ ಏನಾದರೂ ಅಂದಾಳು ಅಂತ ಅವನು, ಅವನೇ ಏನಾದರೂ ಅಂದಾನು ಅಂತ ಅವಳು. ಕೊನೆಗೆ "ಬರ್ತೀನಿ" ಎಂದು ಹೋದ.

ಮರುದಿನ ಬೆಳಿಗ್ಗೆ ಅವನು ಬಂದಾಗ ಅವಳು ಕೆಲಸಕ್ಕೆ ಹೊರಡುವ ಮುಂಚೆ ತಂತಿಯ ಮೇಲಿದ್ದ ಬೆಡ್‌ಶೀಟ್ ತೆಗೆದು, ಗದ್ದದಡಿ ಒಂದಂಚು ಒತ್ತಿ ಹಿಡಿದು ಒಬ್ಬಳೇ ಹೆಣಗುತ್ತಿದ್ದಳು. ಅವನು ಬ್ರೆಡ್ಡಿನ ಪೊಟ್ಟಣ ಕೆಳಗಿಟ್ಟು, ಅವಳು ಕೇಳದೆಯೇ ಆ ಕಡೆಯ ಎರಡು ಮೂಲೆ ಹಿಡಿದ. ಈ ಸಲ ಸರಿಯಾಗಿ ಮಡಿಸಿದ. ಎದುರು ನಡೆದುಬಂದು ಮೂಲೆಗೆ ಮೂಲೆ ಸೇರಿಸಿದಾಗ ಅವನ ಮೈದಾ ಕೈ ಅವಳ ಕೈಯ ಮೇಲಿತ್ತು.

"ಫೋರ್‌ಮನ್‌ಗೆ ಏನ್ ಹೇಳಿದ್ರಿ?" ಎಂದಳು. 

"ಬೇಡ ಅಂದೆ. ಆ ಜಾಗ ಇನ್ನೊಬ್ಬನಿಗೆ ಕೊಟ್ಟ."

"ಯಾಕ್ರೀ?"

"ನಿನಗೆ ಸಂಜೆ ಮನೆ ನಿನ್ನಷ್ಟಕ್ಕೇ ಇದ್ದು ರೂಢಿಯಾಗಿದೆ. ನಾನು ಬಂದು ಅಡ್ಡಡ್ಡ ಕೂತ್ಕೊಂಡ್ರೆ ನಿನಗೆ ಇಷ್ಟ ಆಗುತ್ತೋ ಇಲ್ವೋ ಅಂತ. ಅವತ್ತು ಹೇಳ್ದೆ, ನೀನು ಏನೂ ಅನ್ನಲಿಲ್ಲ. ಕಾಡಲ್ಲಾದ್ರೂ ಬನ್ನಿ ಅಂತೀಯೇನೋ ಅಂತ ದಿನಾ ಕಾದೆ. ಒಂದು ಮಾತು ಕೇಳಲಿಲ್ಲ ನೀನು."

"ಕೇಳಿದೆ" ಎಂದಳು ಅವಳು. "ಆನೆ ಮೇಲೆ ಕೇಳಿದೆ. ನೀವು ಹೂಂ ಅಂದ್ರಿ."

ಅವನು ಬೆಡ್‌ಶೀಟ್ ಹಿಡಿದುಕೊಂಡೇ ನಿಂತ. ಮೈದಾ ಮೆತ್ತಿದ ಹುಬ್ಬಿನ ಕೆಳಗೆ ಕಣ್ಣು ತುಂಬಿಬಂತು. "ನಾನು ಮಲಗಿದ್ದೆನಾ?"

"ಮಲಗಿದ್ರಿ."

"ಎಬ್ಬಿಸಬಾರದಿತ್ತಾ?"

ಕೆಳಗೆ ಬಸ್ಸು ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಅವಳು ಕದಲಲಿಲ್ಲ. ಬಸ್ಸು ಹೊರಟುಹೋಯಿತು.

"ಮುಂದಿನ ಸಲ ಜಾಗ ಖಾಲಿಯಾದಾಗ ನಾನೇ ಹೋಗಿ ಕೇಳ್ತೀನಿ" ಎಂದ ಅವನು. "ಯಾವಾಗ ಆಗುತ್ತೋ ಗೊತ್ತಿಲ್ಲ. ಆದ್ರೆ ಈಗ ಹೇಳ್ತೀನಿ ಕೇಳು, ಎಚ್ಚರವಾಗೇ ಹೇಳ್ತಿದೀನಿ. ಹೂಂ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಗೆಳತಿಗೆ ಫೋನ್ ಮಾಡಿದಳು. "ಇವತ್ತು ನಾನು ಬರಲ್ಲ ಕಣೇ."

"ಏನು? ಹುಷಾರಿಲ್ವಾ?"

"ಹುಷಾರಾಗಿದೀನಿ. ಬರಲ್ಲ, ಅಷ್ಟೇ."

ಬರ್ತೀನಿ ಅನ್ನುತ್ತಲೇ ವರ್ಷಗಳು ಕಳೆದ ಆ ಮನೆಯಲ್ಲಿ ಬರಲ್ಲ ಅನ್ನುವ ಮಾತು ಹೊಸದು. ಅವನು ಮಂಚದ ಮೇಲೆ ಉರುಳಿದ್ದ. ಮಲಗಲ್ಲ, ಮಾತಾಡು ಎನ್ನುತ್ತಿದ್ದ, ಕಣ್ಣು ಮಾತ್ರ ಎಳೆಯುತ್ತಿತ್ತು. ಅವಳು ಪಕ್ಕದಲ್ಲಿ ಕೂತು, ಅವನು ನೋಡದೆ ಉಳಿದ ಆನೆ ಸವಾರಿಯನ್ನು ಮೊದಲಿನಿಂದ ಹೇಳಲು ಶುರುಮಾಡಿದಳು. ಹೊಳೆ ದಾಟಿದ್ದು, ನೀರು ಆನೆಯ ಹೊಟ್ಟೆಗೆ ತಾಗಿದ್ದು, ಬಿದಿರು ಮುರಿದ ಸದ್ದು, ತನ್ನ ಹೆಗಲಿನ ಮೇಲೆ ಅವನ ತಲೆ ಎಷ್ಟು ಭಾರವಿತ್ತು ಅನ್ನುವುದು. ಅವನು ಹೂಂ ಅಂದ. ಇನ್ನೊಂದಿಷ್ಟು ಹೇಳಿದಳು, ಮತ್ತೆ ಹೂಂ ಅಂದ. ಆಮೇಲೆ ಹೂಂ ನಿಂತುಹೋಯಿತು. ಆದರೂ ಅವಳು ಹೇಳುತ್ತಲೇ ಇದ್ದಳು.