ಸಾಲಹಳ್ಳಿ ಬಯಲಿನಲ್ಲಿ ಬಿಚ್ಚದ ಪ್ಯಾರಾಶೂಟ್

ಬೈಲಹೊಂಗಲದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕನಾಗಿದ್ದ ಕೊನೆಯ ವರ್ಷದ ಮಾತಿದು. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಪಾಠದ ಜೊತೆಗೆ ಸಂಬಳವಿಲ್ಲದ ಇನ್ನೊಂದು ಹೊಣೆಯೂ ನನಗಿತ್ತು. ನಮ್ಮ ಭಾಗದ ನಾಲ್ಕೈದು ಜನ ಹವ್ಯಾಸಕ್ಕಾಗಿ ರಾಕೆಟ್ ಕಟ್ಟುತ್ತಿದ್ದರು. ಅವರಿಗೆ ನಾನು ಸೇಫ್ಟಿ ಆಫೀಸರ್. ದೀಪಾವಳಿಯ ರಾಕೆಟ್ ಅಲ್ಲ, ಆಳೆತ್ತರ ಮೀರಿದ, ಸುಮಾರು ಒಂದು ಕಿಲೋಮೀಟರ್ ಏರಬಲ್ಲ ಹೈ-ಪವರ್ ರಾಕೆಟ್. ಪ್ರತಿ ಹಾರಾಟಕ್ಕೂ ಅಧಿಕಾರಿಗಳ ಅನುಮತಿ ಬೇಕು, ಅದರ ಅರ್ಜಿಗೆ ನನ್ನ ಸಹಿ ಬೇಕು.

ಆ ಸಲದ ರಾಕೆಟ್ ದ್ಯಾಮಣ್ಣನವರದು. ಎಂ.ಕೆ. ಹುಬ್ಬಳ್ಳಿಯಲ್ಲಿ ಅವರದೊಂದು ಲೇತ್ ಅಂಗಡಿ. ಕಬ್ಬಿನ ಟ್ರೇಲರ್‌ಗಳ ಆಕ್ಸೆಲ್ ರಿಪೇರಿ ಅವರ ಹೊಟ್ಟೆಪಾಡು. ಅಮಾವಾಸ್ಯೆಗೊಮ್ಮೆ ಅಂಗಡಿಗೆ ರಜೆ. ಅಂಥ ರಜೆಗಳಲ್ಲೇ ಎರಡು ವರ್ಷ ಕೂತು ಆರು ಕಿಲೋ ತೂಕದ ಆ ರಾಕೆಟ್ ಕಟ್ಟಿದ್ದರು. ಪ್ಯಾರಾಶೂಟ್ ಹೊಲಿದದ್ದೂ ಮಡಚಿದ್ದೂ ಅವರೇ. ಊರವರು ಅದನ್ನು ಹುಚ್ಚು ಎನ್ನುತ್ತಿದ್ದರು. ಇದೊಂದು ಸರಿಯಾಗಿ ಹಾರಿ ಇಳಿದರೆ ಇನ್ನೂ ದೊಡ್ಡದಕ್ಕೆ ಅನುಮತಿ ಕೇಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಇಲ್ಲಿ ಒಂದು ವಿವರ ಹೇಳಬೇಕು. ರಾಕೆಟ್ ತನ್ನ ಏರಿಕೆಯ ತುದಿ ಮುಟ್ಟಿದ್ದನ್ನು ತಿಳಿದು ಪ್ಯಾರಾಶೂಟ್ ಹೊರತಳ್ಳುವ ಉಪಕರಣ ಅಲ್ಟಿಮೀಟರ್. ಅದು ಎತ್ತರವನ್ನು ಅಳೆಯುವುದು ಗಾಳಿಯ ಒತ್ತಡದಿಂದ. ಆ ಗಾಳಿ ಒಳಗೆ ಹೋಗಲು ರಾಕೆಟ್ಟಿನ ಮೈಮೇಲೆ, ನಾಲ್ಕು ದಿಕ್ಕಿಗೆ ಒಂದೊಂದರಂತೆ, ಜೋಳದ ಕಾಳಿಗಿಂತ ಸಣ್ಣ ತೂತುಗಳಿರುತ್ತವೆ. ಎರಡು ಅಲ್ಟಿಮೀಟರ್ ಇಟ್ಟಿದ್ದೆವು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಆದರೆ ಎರಡಕ್ಕೂ ಗಾಳಿ ಬರುವುದು ಅವೇ ತೂತುಗಳಿಂದ.

ರಾಮದುರ್ಗ ತಾಲೂಕಿನ ಸಾಲಹಳ್ಳಿ ಕಡೆಯ ಎರೆಹೊಲದಲ್ಲಿ, ಜೋಳ ಕಿತ್ತ ಮೇಲೆ, ಹಾರಾಟದ ದಿನ ಗೊತ್ತಾಯಿತು. ಮುಖ್ಯ ಅತಿಥಿ ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತಿದ್ದರು. ನನ್ನ ನಿವೃತ್ತಿಯ ಕಾಗದಗಳು ಅವರ ಸಹಿಗೆ ಕಾದಿದ್ದವು. ಅವರನ್ನು ಕರೆದವನು ನಾನೇ.

ಹೊಸ ಟ್ರ್ಯಾಕ್ಟರ್ ಬಂದರೂ ಪೂಜೆ ಮಾಡಿಯೇ ಕೀಲಿ ತಿರುಗಿಸುವವರು ನಾವು, ರಾಕೆಟ್ಟಿಗೆ ಬಿಡುತ್ತೇವೆಯೇ? ದ್ಯಾಮಣ್ಣ ತೂತುಗಳಿಂದ ದೂರವಿರಲೆಂದು ಯೋಚನೆ ಮಾಡಿಯೇ ಕೆಳಗಿನ ರೆಕ್ಕೆಗೆ ವಿಭೂತಿ ಹಚ್ಚಿ, ನೂರು ಮೀಟರ್ ಆಚೆಯ ಕಂಟ್ರೋಲ್ ಪೆಟ್ಟಿಗೆಯ ಹತ್ತಿರ ಹೋಗಿ ಕೂತಿದ್ದರು. ಆಮೇಲೆ ಬಂದ ಸಾವಕಾರರಿಗೆ ಅದು ಸರಿ ಕಾಣಲಿಲ್ಲ.

"ಮ್ಯಾಲ ಹೋಗೂ ಸಾಮಾನಕ್ಕ ಕೆಳಗ ಹಚ್ಚಿದ್ರ ಹೆಂಗ್ರಿ?" ಎಂದರು. ವಿಭೂತಿ ಕಲಸಿಕೊಂಡು ನಾಲ್ಕೂ ದಿಕ್ಕಿಗೆ ಮೂರು ಬೆರಳು ಎಳೆದು, ನಡುವೆ ಕುಂಕುಮ ಒತ್ತಿದರು. ನುಣುಪಾದ ಮೈಮೇಲೆ ಗುರುತಿನಂತೆ ಕಾಣುತ್ತಿದ್ದದ್ದು ಆ ತೂತುಗಳು ಮಾತ್ರ. ಅವರ ಬೆರಳು ಅಲ್ಲಿಗೇ ಹೋಯಿತು. ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ.

ವಾಕಿ-ಟಾಕಿಯಲ್ಲಿ ದ್ಯಾಮಣ್ಣ ಕೇಳಿದರು: "ಸರ್, ತೂತು ಖುಲ್ಲಾ ಅದಾವಲ್ರಿ?"

ಸಾವಕಾರರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಹಚ್ಚಿದ ವಿಭೂತಿಯನ್ನು ಅವರೆದುರೇ ಒರೆಸುವ ಧೈರ್ಯ ನನಗಿರಲಿಲ್ಲ. "ಅದಾವ, ನಡೀಲಿ," ಎಂದೆ.

ನಾವೂ ಕಂಟ್ರೋಲ್ ಪೆಟ್ಟಿಗೆಯ ಹತ್ತಿರ ಹೋದ ಮೇಲೆ ಸಾವಕಾರರು ಗುಂಡಿ ಒತ್ತಿದರು. ರಾಕೆಟ್ ನೆಟ್ಟಗೆ ಏರಿತು. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಪ್ಯಾರಾಶೂಟ್ ಬಿಚ್ಚಲೇ ಇಲ್ಲ. ಅದು ಮೇಲೆ ತಿರುಗಿ, ಮೂತಿ ಕೆಳಗೆ ಮಾಡಿ, ಹೋದ ವೇಗದಲ್ಲೇ ಬಂದು ಖಾಲಿ ಹೊಲದಲ್ಲಿ ಮೂರು ಅಡಿ ಹುಗಿದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಅದು ನನ್ನ ಪುಣ್ಯ, ಎಚ್ಚರಿಕೆಯಲ್ಲ.

"ಛತ್ರಿ ಮಡಚೂದ್ರಾಗ ಏನೋ ತಪ್ಪಾಗೇತಿ," ಎಂದರು ಸಾವಕಾರರು.

"ಹತ್ತು ಸಲ ಮಡಚಿ ನೋಡೇನ್ರಿ," ಎಂದು ದ್ಯಾಮಣ್ಣ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ವರದಿಯಲ್ಲಿಯೂ ಸಾವಕಾರರ ಮಾತನ್ನೇ ಬರೆದೆ: ಪ್ಯಾರಾಶೂಟ್ ಮಡಚುವಲ್ಲಿ ತಯಾರಕನ ಲೋಪ. ಅದನ್ನು ಓದಿದ ಅಧಿಕಾರಿಗಳು ದ್ಯಾಮಣ್ಣನವರ ಮುಂದಿನ ಅರ್ಜಿ ತಿರಸ್ಕರಿಸಿದರು. ಗೆಳೆಯರೂ ತಮ್ಮ ಅನುಮತಿಗೆ ಅಡ್ಡಿಯಾದೀತೆಂದು ಅವರನ್ನು ದೂರವಿಟ್ಟರು.

ಅರ್ಜಿ ತಿರಸ್ಕಾರವಾದ ಮೇಲೆ ಒಂದು ದಿನ ದ್ಯಾಮಣ್ಣ ನಮ್ಮ ಮನೆಗೆ ಬಂದರು. ಹೊಲದಿಂದ ಅಗೆದು ತೆಗೆದ ಕೊಳವೆಯ ತುಂಡನ್ನು ಟೀಪಾಯಿಯ ಮೇಲಿಟ್ಟರು. ನಾಲ್ಕೂ ತೂತುಗಳಲ್ಲಿ ವಿಭೂತಿ ಸುಣ್ಣದಂತೆ ಗಟ್ಟಿಯಾಗಿತ್ತು.

"ಇದನ್ನ ನೀವು ನೋಡಿದ್ದಿಲ್ಲ, ಹೌದಲ್ರಿ? ಅಷ್ಟ ಹೇಳ್ರಿ, ಸಾಕು."

"ನೋಡಿದ್ದಿಲ್ಲ, ದ್ಯಾಮಣ್ಣ."

"ರಿಪೋರ್ಟ್ ತಿದ್ದಾಕ ಬರತೈತೇನ್ರಿ?"

"ಕಳಿಸಿ ಆಗೈತಿ."

"ಆತ ಬಿಡ್ರಿ," ಎಂದು ಚಹಾ ಕುಡಿದು ಎದ್ದರು. ಆಮೇಲೆ ಅವರು ರಾಕೆಟ್ ಕಟ್ಟಲಿಲ್ಲ. ನನ್ನ ಕಾಗದಗಳಿಗೆ ಸಹಿ ಬಿತ್ತು. ಬೀಳ್ಕೊಡುಗೆ ಸಮಾರಂಭದಲ್ಲಿ ಸಾವಕಾರರು ನನ್ನ ಕರ್ತವ್ಯನಿಷ್ಠೆಯನ್ನು ಹೊಗಳಿ ಶಾಲು ಹೊದಿಸಿದರು. ನಾಚಿಕೆಯಾಯಿತು, ಆದರೂ ಹೊದ್ದುಕೊಂಡೆ.

ಸೇಫ್ಟಿ ಆಫೀಸರನಿಗೆ ಇರುವ ಕೆಲಸ ಒಂದೇ, ತಡೆಯಿರಿ ಅನ್ನುವುದು. ನನಗಿಂತ ಕೆಳಗಿನವರಿಗೆ ನಾನು ಅದನ್ನು ಎಷ್ಟೋ ಸಲ ಗದರಿಸಿ ಹೇಳಿದ್ದೇನೆ. ನಾನೇ ಹೆದರುವಂಥವರಿಗೆ ಅದನ್ನು ಹೇಳಬೇಕಾದ ದಿನ ಒಂದೇ ಬಂದಿತ್ತು, ಆ ದಿನ ಹೇಳಲಿಲ್ಲ. ಹಾಗಾಗಿ ಆ ಕೆಲಸವನ್ನು ನಾನು ಯಾವತ್ತೂ ಮಾಡಲೇ ಇಲ್ಲ ಎಂದೇ ಲೆಕ್ಕ.

ದ್ಯಾಮಣ್ಣ, ನಾನು ನೋಡಿದ್ದೆ.