ಪರದೆಯಾಚೆಯವರನ್ನು ಹತ್ತಿರ ತಂದ ಹರಿನಾಥ ಮಾಸ್ತರರು

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಗಣಕಯಂತ್ರ ಬಂದ ಕಥೆಯನ್ನು ಯಾರಾದರೂ ಬರೆಯಲು ಹೊರಟರೆ, ಉಪ್ಪಳದ ಹರಿನಾಥ ಮಾಸ್ತರರ ಹೆಸರು ಹೇಳದೆ ಮೊದಲ ಪುಟವನ್ನೂ ದಾಟಲಾರರು. ಗಣಿತದ ಅಧ್ಯಾಪಕರಾಗಿ ಸೇವೆಗೆ ಸೇರಿದ ಅವರು ಆ ವಿಷಯದಲ್ಲಿ ಗಳಿಸಿದ ಹೆಸರು ಸಣ್ಣದಲ್ಲ. ಆದರೆ ಒಂದು ಊರಿನ ಗಣಕದ ಪರದೆಯನ್ನು ಇನ್ನೊಂದು ಊರಿನ ಗಣಕದಲ್ಲಿ ತೆರೆದು ತೋರಿಸುವ ವಿದ್ಯೆಯಲ್ಲಿ, ಅದರಲ್ಲೂ ಈಚೆ ಲಿನಕ್ಸ್ ಆಚೆ ವಿಂಡೋಸ್ ಎಂದು ಒಂದರ ಮುಖ ಇನ್ನೊಂದು ನೋಡದ ಎರಡು ವ್ಯವಸ್ಥೆಗಳ ನಡುವೆ ಸಂಧಾನ ಮಾಡಿಸುವುದರಲ್ಲಿ, ಅವರಿಗೆ ಸಮನಾದವರು ನಮ್ಮ ಉಪಜಿಲ್ಲೆಯಲ್ಲಿ ಇರಲಿಲ್ಲ. ಈ ವಿದ್ಯೆಯನ್ನು ಅವರು ಸರಕಾರದ ತರಬೇತಿಯಲ್ಲಿ ಕಲಿತರು ಎಂದು ಹಲವರು ತಿಳಿದಿದ್ದಾರೆ. ತರಬೇತಿಯಲ್ಲಿ ಕಲಿತದ್ದು ಅರ್ಧ. ಉಳಿದರ್ಧವನ್ನು ಕಲಿಸಿದ್ದು ಮನೆಯ ವಿರಹ.

ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಮಾಸ್ತರರೂ ನಾವೂ ಕಲಿಸುತ್ತಿದ್ದ ಶಾಲೆಗೆ ಮೊದಲ ಗಣಕಗಳು ಬಂದಾಗ ಅವುಗಳಿಗೆ ಸಿಕ್ಕ ಮರ್ಯಾದೆ ಹೊಸ ಮದುಮಗನಿಗೂ ಸಿಗಲಿಕ್ಕಿಲ್ಲ. ಚಪ್ಪಲಿ ಹೊರಗೆ, ಕಿಟಕಿಗೆ ಪರದೆ, ಯಂತ್ರದ ಮೇಲೆ ಹೂವಿನ ಚಿತ್ರದ ಬಟ್ಟೆ. ಬೀಗದ ಕೈ ಯಾರ ಬಳಿ ಇರಬೇಕೆಂಬ ಚರ್ಚೆ ಅಧ್ಯಾಪಕರ ಸಭೆಯಲ್ಲಿ ನಡೆದು, ಯಾರೂ ಹೊಣೆ ಹೊರಲು ಮುಂದೆ ಬಾರದೆ, ಕೊನೆಗೆ ಗಣಿತದವರ ಕೊರಳಿಗೆ ಬಿತ್ತು. ಹರಿನಾಥ ಮಾಸ್ತರರು ಮಾಡಿದ ಮೊದಲ ಕೆಲಸ ಆ ಬಟ್ಟೆಯನ್ನು ತೆಗೆದು ಕರಿಹಲಗೆ ಒರೆಸಲು ಕೊಟ್ಟದ್ದು.

ಮುಂದೆ ಕೇರಳದ ಶಾಲೆಗಳಿಗೆ ಲಿನಕ್ಸ್ ಬಂತು. ಪರಿಚಯದ ಚಿತ್ರಗಳೆಲ್ಲ ಮಾಯವಾಗಿ ಹೊಸ ಮುಖ ಕಂಡದ್ದೇ ತಡ, ಅನೇಕ ಅಧ್ಯಾಪಕರು ಗಣಕದ ಕೋಣೆಯ ದಾರಿಯನ್ನೇ ಮರೆತರು. ಮಾಸ್ತರರು ಕಾಸರಗೋಡಿನ ವಿದ್ಯಾನಗರದ ತರಬೇತಿಗಳಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಕಲಿತು ಬಂದರು. ಶಾಲೆಯ ಹಳೆಯ ಗಣಕಗಳು ಹೊಸ ವ್ಯವಸ್ಥೆಯ ಭಾರ ಹೊರಲಾರದೆ ಏದುಸಿರು ಬಿಡುತ್ತಿದ್ದವು. ಆಗ ಅವರು ಇದ್ದುದರಲ್ಲಿ ಗಟ್ಟಿಯಾದ ಒಂದನ್ನು ಮೂಲೆಯಲ್ಲಿ ಕೂರಿಸಿ, ಕೆಲಸವೆಲ್ಲ ಅದರಲ್ಲೇ ನಡೆದು ಉಳಿದವು ಬರೇ ಪರದೆ ತೋರಿಸುವಂತೆ ಮಾಡಿದರು. ಪ್ರತಿ ಮಗುವಿಗೂ ಆ ಒಂದೇ ಯಂತ್ರದೊಳಗೆ ಒಂದೊಂದು ಪ್ರತ್ಯೇಕ ಕೋಣೆ ಇದ್ದ ಹಾಗೆ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಕೆಡಿಸುವ ಭಯವಿಲ್ಲ. ಬೇರೆ ಶಾಲೆಗಳವರು ಬಂದು ನೋಡಿ ಹೋದರು. ಮಾಸ್ತರರಿಗೂ ಒಳಗೊಳಗೆ ಹೆಮ್ಮೆಯೇ.

ಇಷ್ಟರಲ್ಲಿ ಅವರ ಮನೆಯಲ್ಲಿ ಬೇರೆಯೇ ಒಂದು ನಡೆಯಿತು. ಅವರ ಪತ್ನಿ ಸುಗಂಧಿ ಟೀಚರ್ ನಮ್ಮ ಶಾಲೆಯಲ್ಲೇ ತಾತ್ಕಾಲಿಕ ನೆಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ಪಿ.ಎಸ್.ಸಿ.ಯ ರ‍್ಯಾಂಕ್ ಪಟ್ಟಿಯಲ್ಲಿ ಅವರ ಹೆಸರು ಇತ್ತು. ಇಂದು ನೇಮಕವಾದೀತು, ನಾಳೆ ಆದೀತು ಎಂದು ಕಾದದ್ದೇ ಬಂತು. ಸರದಿ ತಲುಪುವ ಮೊದಲೇ ಪಟ್ಟಿಯ ಅವಧಿ ಮುಗಿಯಿತು, ಮುಂದಿನ ಪರೀಕ್ಷೆಗೆ ವಯಸ್ಸು ಮೀರಿತು. ಕಲಿಸುವುದನ್ನು ಬಿಟ್ಟು ಬದುಕಲು ಗೊತ್ತಿಲ್ಲದ ಆಕೆ ೨೦೦೭ರಲ್ಲಿ ಮಸ್ಕತ್ತಿನ ಒಂದು ಭಾರತೀಯ ಶಾಲೆಗೆ ಹೋದರು. ಮಗಳು ಮೋಕ್ಷಿತಾ ಆಗ ಎರಡನೆಯ ತರಗತಿ. ಒಂದೆರಡು ವರ್ಷದ ಮಾತು ಎಂದೇ ಎಲ್ಲರೂ ಅಂದುಕೊಂಡದ್ದು. ಅದು ಬೆಳೆಯಿತು.

ವಿಧಿ ಅವರಿಬ್ಬರ ರಜೆಯಲ್ಲೂ ಆಟವಾಡಿತು. ಇಲ್ಲಿ ಶಾಲೆಗೆ ರಜೆ ಏಪ್ರಿಲ್ ಮೇಯಲ್ಲಿ. ಆಗ ಮಸ್ಕತ್ತಿನಲ್ಲಿ ಪಾಠ ನಡೆಯುತ್ತಿರುತ್ತದೆ. ಅಲ್ಲಿ ರಜೆ ಜುಲೈಯಲ್ಲಿ; ಆಗ ಇಲ್ಲಿ ಮಾಸ್ತರರಿಗೆ ಬೆಳಗ್ಗಿನಿಂದ ಸಂಜೆಯವರೆಗೆ ತರಗತಿ. ಬೇಸಗೆಯಲ್ಲಿ ತಾವೇ ಹೋಗಿ ಬರೋಣವೆಂದರೆ ಅಧ್ಯಾಪಕರ ಗಣಕ ತರಬೇತಿ ನಡೆಸುವ ಹೊಣೆ ಪ್ರತಿ ವರ್ಷವೂ ಅವರ ಹೆಗಲಿಗೇ. ಬೇಡ ಎನ್ನಲು ಬಾರದ ನಾಲಗೆ ಅವರದ್ದು. ಇಡೀ ಉಪಜಿಲ್ಲೆ ಅದರ ಪ್ರಯೋಜನ ಪಡೆಯಿತು, ನಾವೂ ಪಡೆದೆವು. ಅದರ ಬೆಲೆ ತೆತ್ತವರು ಯಾರೆಂದು ಅಂದು ನಾವ್ಯಾರೂ ಕೇಳಲಿಲ್ಲ.

ಮೊದಲ ವರ್ಷ ಮೋಕ್ಷಿತಾ ಫೋನಿಗೆ ಓಡಿ ಬರುತ್ತಿದ್ದಳು. ಎರಡನೆಯ ವರ್ಷ ಕರೆದರೆ ಬರುತ್ತಿದ್ದಳು. ಆಮೇಲೆ ಬರುವುದನ್ನೇ ನಿಲ್ಲಿಸಿದಳು. ಊಟ ಆಯ್ತಾ, ಓದಿದೆಯಾ ಎಂಬ ಎರಡು ಪ್ರಶ್ನೆಗಳ ಆಚೆ ಮಾತೇ ಇಲ್ಲದ ಫೋನು ಅವಳಿಗೆ ಸಾಕಾಗಿತ್ತು. ಆಚೆಯಿಂದ ಸುಗಂಧಿ ಟೀಚರ್, ಅವಳು ಏನು ಮಾಡುತ್ತಿದ್ದಾಳೆ ಎಂದು ಕೇಳುವರು. ಗಣಕದಲ್ಲಿ ಚಿತ್ರ ಬಿಡಿಸುತ್ತಿದ್ದಾಳೆ ಎಂದು ಮಾಸ್ತರರು ಹೇಳುವರು. ಎಂಥ ಚಿತ್ರ ಎಂದು ಆಕೆ ಕೇಳಿದರೆ ವರ್ಣಿಸಲು ಇವರಿಗೆ ಬಾರದು. ಮಗಳು ತಾಯಿಯ ಕೈಯಿಂದ ಜಾರಿ ಹೋಗುತ್ತಿದ್ದಾಳೆ ಎಂಬ ಹೆದರಿಕೆ ಮಾಸ್ತರರಿಗೆ ಹುಟ್ಟಿದ್ದು ಆಗ.

ಮಗಳು ಬಿಡಿಸುವ ಚಿತ್ರವನ್ನು, ಅವಳು ಬಿಡಿಸುತ್ತಿರುವಾಗಲೇ, ತಾಯಿಗೆ ಕಾಣಿಸಬೇಕು. ಅವರ ಬಯಕೆ ಇಷ್ಟೇ. ಮನೆಯ ಗಣಕದಲ್ಲಿ ಲಿನಕ್ಸ್, ಸುಗಂಧಿ ಟೀಚರರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ಮಾಸ್ತರರು ಕೆಲಸಕ್ಕೆ ಇಳಿದು, ಮನೆಯ ಗಣಕವನ್ನು ಟೀಚರ್ ಮಸ್ಕತ್ತಿನಿಂದಲೇ ತೆರೆಯುವಂತೆ ಮಾಡಿದರು. ಉಪ್ಪಳದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಅಂತರ್ಜಾಲದಲ್ಲಿ ಮನೆಯ ವಿಳಾಸದ ಸಂಖ್ಯೆ ಬದಲಾಗುತ್ತಿತ್ತು. ಪ್ರತಿ ಸಲವೂ ಹೊಸ ಸಂಖ್ಯೆಯನ್ನು ಮಸ್ಕತ್ತಿಗೆ ಸಂದೇಶವಾಗಿ ಕಳಿಸಬೇಕು. ಸಂಜೆ ಟೀಚರ್ ಲ್ಯಾಪ್‌ಟಾಪಿನ ಮುಂದೆ ಕೂತೊಡನೆ ಒಂದು ಮಿಸ್ಡ್ ಕಾಲ್ ಕೊಡಬೇಕು, ಅದು ಕೇಳಿದರೆ ಮಗಳು ಗಣಕದ ಮುಂದೆ ಬರಬೇಕು ಎಂದು ಗೊತ್ತುಮಾಡಿದರು. ಗಲ್ಫಿನವರಿರುವ ನಮ್ಮೂರ ಮನೆಗಳಲ್ಲಿ ಮಿಸ್ಡ್ ಕಾಲಿಗೆ ಇಂಥ ಅರ್ಥಗಳು ಎಷ್ಟೋ ಇದ್ದವು.

ಮೂರ್ನಾಲ್ಕು ಸಂಜೆ ಮಾಸ್ತರರು ವಿದ್ಯಾನಗರದ ತರಬೇತಿ ಮುಗಿಸಿ ಮನೆಗೆ ಬರುವಾಗ ಮಗಳ ಮುಖ ಊದಿಕೊಂಡಿತ್ತು. ಕಾಲ್ ಬಂದಿತ್ತು, ಅಮ್ಮ ಬರಲಿಲ್ಲ ಎಂಬುದು ಅವಳ ದೂರು. ಮಸ್ಕತ್ತಿನಿಂದಲೂ ಅದೇ ದೂರು. ಪರದೆ ತೆರೆಯುತ್ತದೆ, ಎಷ್ಟು ಹೊತ್ತು ಕಾದರೂ ಮಗು ಬಂದು ಒಂದು ಗೆರೆ ಎಳೆಯುವುದಿಲ್ಲ. ಇಬ್ಬರಲ್ಲಿ ಯಾರೋ ಒಬ್ಬರು ಹಟ ಮಾಡುತ್ತಿದ್ದಾರೆ ಎಂದು ಮಾಸ್ತರರು ಭಾವಿಸಿ ಇಬ್ಬರಿಗೂ ಬುದ್ಧಿ ಹೇಳಿದರು. ಮೋಕ್ಷಿತಾ ಗಣಕ ಮುಚ್ಚಿ ಎದ್ದು, ಮೆಲ್ಲನೆ ಹೇಳಿದಳು:

“ಅಮ್ಮನಿಗೆ ನನ್ನ ಚಿತ್ರ ಎಲ್ಲ ಬೇಡ ಅಪ್ಪ. ಅವರಿಗೆ ಅಲ್ಲಿ ಬೇರೆ ಮಕ್ಕಳುಂಟು.”

ಆ ಮಾತು ಮಾಸ್ತರರನ್ನು ಇರಿಯಿತು. ಮರುದಿನ ತರಬೇತಿಗೆ ಚಕ್ಕರ್ ಹೊಡೆದು, ಸೇವಾವಧಿಯಲ್ಲಿ ಬಹುಶಃ ಅದೊಂದೇ ಸಲ, ಮಿಸ್ಡ್ ಕಾಲ್ ಬರುವ ಹೊತ್ತಿಗೆ ಮಗಳ ಪಕ್ಕ ಕೂತರು. ಕಾಲ್ ಬಂತು. ಮಗಳು ದೋಣಿ ಬಿಡಿಸತೊಡಗಿದಳು. ಪರದೆಯಲ್ಲಿ ಬೇರೇನೂ ಅಲುಗಲಿಲ್ಲ. ಯಂತ್ರದೊಳಗೆ ಯಾರು ಯಾರು ಇದ್ದಾರೆಂದು ಮಾಸ್ತರರು ತೆರೆದು ನೋಡಿದರು. ಮಗಳ ಹೆಸರು ಇತ್ತು. ಅದರ ಕೆಳಗೇ ಸುಗಂಧಿ ಟೀಚರರ ಹೆಸರು.

ಆಗ ಅವರಿಗೆ ತಾವು ಮಾಡಿದ್ದು ಏನೆಂದು ಅರ್ಥವಾಯಿತು. ಶಾಲೆಯಲ್ಲಿ ಮಕ್ಕಳಿಗೆ ಮಾಡಿಕೊಟ್ಟ ಕ್ರಮವನ್ನೇ ಅವರು ಮನೆಗೂ ತಂದಿದ್ದರು. ಹೆಂಡತಿಯ ಮೇಲಿನ ಪ್ರೀತಿಯಿಂದ ಆಕೆಗೆಂದೇ ಯಂತ್ರದೊಳಗೆ ಪ್ರತ್ಯೇಕ ಜಾಗ ಮಾಡಿ, ಆಕೆಯ ಹೆಸರಿಟ್ಟು, ಹಿನ್ನೆಲೆಗೆ ಅಂಗಳದ ಅಬ್ಬಲಿಗೆ ಗಿಡದ ಚಿತ್ರ ಹಾಕಿದ್ದರು. ಟೀಚರ್ ದಿನಾಲೂ ಬರುತ್ತಿದ್ದರು. ಬಂದು ಆ ಖಾಲಿ ಜಾಗದಲ್ಲಿ ಅಬ್ಬಲಿಗೆ ನೋಡುತ್ತ ಕೂರುತ್ತಿದ್ದರು. ಮಗಳು ಅದೇ ಯಂತ್ರದಲ್ಲಿ ಗೋಡೆಯಾಚೆ ಕಾಯುತ್ತಿದ್ದಳು. ಇಬ್ಬರೂ ಒಂದೇ ಕಡೆ ಇದ್ದು ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ, ಆ ಗೋಡೆ ಕಟ್ಟಿದವರು ತಾವೇ ಎಂಬುದನ್ನು ಮಾಸ್ತರರಿಗೆ ತಡೆದುಕೊಳ್ಳಲಾಗಲಿಲ್ಲ. ಮಗಳ ಎದುರೇ ಅತ್ತರು.

ಹೆಂಡತಿಗೆ ಮಾಡಿದ ಆ ಚಂದದ ಜಾಗವನ್ನು ಅಳಿಸಿ ಹಾಕಿದರು. ಮಗಳು ನೋಡುತ್ತಿರುವ ಪರದೆಯೇ ಆಚೆಗೂ ಕಾಣುವ, ಮೌಸಿನ ಒಂದೇ ಬಾಣವನ್ನು ಇಬ್ಬರೂ ನಡೆಸಬಹುದಾದ ಬೇರೆ ತಂತ್ರಾಂಶ ಹುಡುಕಿ ಹಾಕಿದರು. ಅಂತರ್ಜಾಲದ ದಾರಿ ಸಪೂರವಾದ್ದರಿಂದ ಬಣ್ಣಗಳನ್ನು ಕಡಿಮೆ ಮಾಡಿದರು. ಎರಡು ದಿನ ಬಿಟ್ಟು, ಮೋಕ್ಷಿತಾ ಮತ್ತೆ ದೋಣಿ ಬಿಡಿಸುತ್ತಿದ್ದಾಗ ಬಾಣ ಅವಳ ಕೈ ಮೀರಿ ಸರಿಯಿತು. ಅವಳು ಮೌಸಿನಿಂದ ಕೈ ತೆಗೆದಳು. ಬಾಣ ತಡವರಿಸುತ್ತ, ನಿಂತು ನಿಂತು, ದೋಣಿಯ ಮೇಲೆ ಒಬ್ಬಳು ಹುಡುಗಿಯನ್ನು ಬರೆಯಿತು. ಎರಡು ಜಡೆ, ಜಡೆಯ ತುದಿಗೆ, ಅಮ್ಮ ಊರಲ್ಲಿದ್ದಾಗ ಕಟ್ಟುತ್ತಿದ್ದ ಹಾಗೆ, ದೊಡ್ಡ ದೊಡ್ಡ ರಿಬ್ಬನ್ನು.

“ಅಮ್ಮ ಬಂದ್ರು,” ಎಂದಳು ಮೋಕ್ಷಿತಾ. ಅಷ್ಟೇ. ಆಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ.

ಆ ವ್ಯವಸ್ಥೆಯಲ್ಲಿ ಸ್ವರ ಕೇಳುತ್ತಿರಲಿಲ್ಲ, ಮುಖ ಕಾಣುತ್ತಿರಲಿಲ್ಲ. ಒಂದು ಸಣ್ಣ ಬಾಣವೇ ಹೆಂಡತಿ, ಅದೇ ತಾಯಿ. ಮಗಳ ಸರದಿ ಮುಗಿದ ಮೇಲೆ ಮಾಸ್ತರರು ಅಂಕಪಟ್ಟಿಯನ್ನೋ ಶಾಲೆಯ ಸುತ್ತೋಲೆಯನ್ನೋ ತುಂಬಿಸುತ್ತ ಕೂರುವರು. ಮಸ್ಕತ್ತಿನಿಂದ ಟೀಚರ್ ಅದನ್ನು ಸುಮ್ಮನೆ ನೋಡುತ್ತಿರುವರು. ಇವರ ಕನ್ನಡ ಎಲ್ಲಾದರೂ ತಪ್ಪಿದರೆ ಬಾಣ ಬಂದು ಆ ಪದದ ಬಳಿ ನಿಲ್ಲುವುದು. ತಿದ್ದಿದ ಮೇಲೂ ಒಮ್ಮೊಮ್ಮೆ ಹೋಗದೆ ಅಲ್ಲೇ ಇರುವುದು. ಸುತ್ತೋಲೆಗಳಲ್ಲಿ ಮಾಸ್ತರರ ತಪ್ಪುಗಳು ಆ ದಿನಗಳಲ್ಲಿ ಹೆಚ್ಚಾದವು ಎಂದು ಕಚೇರಿಯವರು ನಗುತ್ತಿದ್ದರು. ಬೇಕೆಂದೇ ತಪ್ಪು ಬರೆಯುತ್ತಿದ್ದರೇ ಎಂದು ಕೇಳಿದರೆ ಮಾಸ್ತರರು ಇಂದಿಗೂ ಮಾತು ತಿರುಗಿಸುತ್ತಾರೆ.

ಹೀಗೆ ಕಲಿತದ್ದನ್ನು ಅವರು ಕಟ್ಟಿಟ್ಟುಕೊಳ್ಳಲಿಲ್ಲ. ಪೂರ್ವದ ಗುಡ್ಡದ ಕಡೆಯ ಶಾಲೆಯೊಂದರಲ್ಲಿದ್ದ ಬೋಜ ಮಾಸ್ತರರು ಎಸ್.ಎಸ್.ಎಲ್.ಸಿ. ಮಕ್ಕಳ ವಿವರ ತುಂಬಿಸುವ ಕೊನೆಯ ದಿನ ಅಳುದನಿಯಲ್ಲಿ ಫೋನು ಮಾಡಿದ್ದರು. ಅವರ ಕಚೇರಿಯ ಗಣಕ ಇನ್ನೂ ವಿಂಡೋಸಿನದು. ಮಕ್ಕಳ ಕನ್ನಡ ಹೆಸರುಗಳೆಲ್ಲ ಅದರಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದವು. ಹರಿನಾಥ ಮಾಸ್ತರರು ನಮ್ಮ ಶಾಲೆಯ ಲಿನಕ್ಸಿನಿಂದಲೇ ಆ ಪರದೆಯನ್ನು ತೆರೆದರು. ಗಾಬರಿಯಲ್ಲಿ ಬೋಜ ಮಾಸ್ತರರು ಅಲ್ಲಿಂದ ಬಾಣ ಎಳೆಯುವುದು, ಇವರು ಇಲ್ಲಿಂದ ಎಳೆಯುವುದು, ಬಾಣ ನಡುವೆ ಕುಣಿಯುವುದು. ಕೊನೆಗೆ ಇವರು ಬೋಜರಿಗೆ ಹೊರಗೆ ಹೋಗಿ ಒಂದು ಚಾ ಕುಡಿದು ಬರಲು ಹೇಳಿದರು. ಚಾ ಮುಗಿಸಿ ಬರುವಾಗ ಹೆಸರುಗಳೆಲ್ಲ ಕನ್ನಡದಲ್ಲಿ ನಿಂತಿದ್ದವು. ಹೀಗೆ ಅವರು ದೂರದಿಂದಲೇ ನೇರ್ಪು ಮಾಡಿಕೊಟ್ಟ ಶಾಲೆಗಳು ಎಷ್ಟೋ. ಹೊಸ ಅಧ್ಯಾಪಕರಿಗೆ ಕಲಿಸುವಾಗ ಅವರು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು. ಆಚೆಯವರಿಗೆ ಪ್ರತ್ಯೇಕ ಪರದೆ ಕೊಡುತ್ತಿದ್ದೀರೋ ನಿಮ್ಮದೇ ಪರದೆ ಕೊಡುತ್ತಿದ್ದೀರೋ ಎಂಬುದನ್ನು ಮೊದಲು ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ ಎಂದು. ಇಷ್ಟು ಸಣ್ಣ ವಿಷಯವನ್ನು ಅವರು ಯಾಕೆ ಮತ್ತೆ ಮತ್ತೆ ಹೇಳುತ್ತಾರೆಂದು ಕಲಿಯುವವರಿಗೆ ತಿಳಿಯುತ್ತಿರಲಿಲ್ಲ.

ಕಾಲ ಸರಿಯಿತು. ಎಲ್ಲರ ಕೈಗೂ ಮುಖ ಕಾಣುವ ಫೋನು ಬಂತು. ಮೋಕ್ಷಿತಾ ಬೆಳೆದು ಕಾಲೇಜಿಗೆ ಸೇರಿದಳು. ಈಗ ತಾಯಿಯೊಡನೆ ತಾನೇ ಗಂಟೆಗಟ್ಟಲೆ ಹರಟುತ್ತಾಳೆ. ತಾಯಿಯೂ ಮಗಳೂ ಒಬ್ಬರಿಗೊಬ್ಬರು ಉಳಿದರು. ಉಳಿದೂ ಸಿಗದವರು ಗಂಡ ಹೆಂಡತಿ. ಪ್ರತಿ ವರ್ಷ ಇದೊಂದು ವರ್ಷ ಎಂದು ಟೀಚರ್ ಹೇಳುವುದು, ಆ ಶಾಲೆಯವರು ಬಿಡದಿರುವುದು, ಜುಲೈಯಲ್ಲಿ ಬಂದವರು ಮಾಸ್ತರರ ತರಗತಿಗಳ ಎಡೆಯಲ್ಲಿ ಸಿಕ್ಕಷ್ಟು ಸಿಕ್ಕಿ ಹೊರಡುವುದು. ವಿಮಾನ ನಿಲ್ದಾಣದಿಂದ ಮರಳಿದ ದಿನ ಮಾಸ್ತರರು ಊಟ ಮಾಡುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ನಮಗೆ ಹೇಳುವರು. ನಾವೂ ನಂಬಿದ ಹಾಗೆ ಇರುತ್ತಿದ್ದೆವು.

ಈ ವರ್ಷದ ಮೇ ತಿಂಗಳಲ್ಲಿ ಮಾಸ್ತರರ ನಿವೃತ್ತಿಗೆ ಮುಂಚಿತವಾಗಿ ಅಭಿನಂದನ ಸಮಿತಿ ಸೇರಿತು. ನಿವೃತ್ತ ಮುಖ್ಯೋಪಾಧ್ಯಾಯ ಮಹೇಶ್ವರರು ಅಧ್ಯಕ್ಷರು. ನಮ್ಮಲ್ಲಿ ಸನ್ಮಾನ ಎಂದರೆ ದಂಪತಿಗೆ. ಎರಡು ಕುರ್ಚಿ, ಎರಡು ಶಾಲು, ಹಣ್ಣಿನ ಬುಟ್ಟಿ. ಟೀಚರಿಗೆ ಮೇಯಲ್ಲಿ ರಜೆ ಸಿಗದು. ಬೋಜ ಮಾಸ್ತರರಿಗೆ ಒಂದು ಉಪಾಯ ಹೊಳೆಯಿತು. ವೇದಿಕೆಯಲ್ಲಿ ಮಾಸ್ತರರ ಪಕ್ಕ ದೊಡ್ಡ ಪರದೆ ಇಟ್ಟು ಅದರಲ್ಲಿ ಟೀಚರನ್ನು ಮಸ್ಕತ್ತಿನಿಂದಲೇ ಕೂರಿಸುವುದು. ಈ ವಿದ್ಯೆಯ ಗುರುವಿಗೆ ಇದಕ್ಕಿಂತ ಒಪ್ಪುವ ಗೌರವ ಬೇರೆ ಉಂಟೇ. ಸಭೆ ಚಪ್ಪಾಳೆ ತಟ್ಟಿತು. ಮಾಸ್ತರರು ತಟ್ಟಲಿಲ್ಲ. ಯಾವ ಕೆಲಸಕ್ಕೂ ಬೇಡ ಎನ್ನದ ಮನುಷ್ಯ ತಲೆ ತಗ್ಗಿಸಿಕೊಂಡು ಹೇಳಿದರು:

“ಪರದೆ ಬೇಡ ಮಹೇಶ್ವರ ಮಾಷ್ಟ್ರೆ. ಇಷ್ಟು ವರ್ಷ ಅದರಲ್ಲೇ ನೋಡಿದ್ದಾಯ್ತು. ನನಗಿನ್ನು ಅವಳು ಪಕ್ಕದಲ್ಲಿ ಬೇಕು. ಅವಳಿಗೆ ರಜೆ ಯಾವಾಗ ಉಂಟೋ ಆವಾಗ ಸನ್ಮಾನ ಮಾಡುವಾ. ಇಲ್ಲದಿದ್ರೆ ಬಿಟ್ಟುಬಿಡಿ.”

ಮಹೇಶ್ವರರು ಕನ್ನಡಕ ಒರೆಸಿಕೊಂಡು, ಕಾರ್ಯಕ್ರಮವನ್ನು ಜುಲೈಗೆ ಮುಂದೂಡಲಾಗಿದೆ ಎಂದು ನಿರ್ಣಯ ಬರೆಸಿದರು. ಮಳೆಗಾಲದ ನಡುವೆ ಅಭಿನಂದನೆಯೇ ಎಂದು ಕೇಳಿದವರಿಗೆ ಕಾರಣ ಇದು. ಮಾಸ್ತರರು ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾರೆ ಎಂಬ ಸುದ್ದಿಯೂ ಇದೆ. ಈ ಸಲ ರಜೆ ಮುಗಿದು ಟೀಚರ್ ಹೊರಟರೆ ವಿಮಾನ ನಿಲ್ದಾಣದಿಂದ ಒಬ್ಬರೇ ಮರಳುವ ಇರಾದೆ ಅವರಿಗೆ ಇದ್ದಂತಿಲ್ಲ.

ಈ ಅಭಿನಂದನ ಗ್ರಂಥ ಅಚ್ಚಿಗೆ ಹೋಗುವ ಹೊತ್ತಿಗೆ ಸುಗಂಧಿ ಟೀಚರ್ ಇನ್ನೂ ಬಂದಿಲ್ಲ. ಮಾಸ್ತರರು ದಿನಾ ಸಭಾಂಗಣದ ಕಡೆ ಬಂದು, ಏನೋ ಕೆಲಸವಿದ್ದವರಂತೆ ಒಂದು ಸುತ್ತು ಹಾಕಿ ಹೋಗುತ್ತಾರೆ. ಅವರು ಆರೋಗ್ಯದಿಂದ ನೂರ್ಕಾಲ ಬಾಳಲಿ. ಉಪ್ಪಳದಲ್ಲಿರಲಿ ಮಸ್ಕತ್ತಿನಲ್ಲಿರಲಿ, ನಮ್ಮ ಶಾಲೆಗಳ ಕೆಟ್ಟ ಪರದೆಗಳನ್ನು ತೆರೆದು ಸರಿಪಡಿಸುವ ಕೃಪೆಯನ್ನು ಮುಂದುವರಿಸಲಿ. ಆದರೆ ಅದನ್ನು ಸುಗಂಧಿ ಟೀಚರರ ಪಕ್ಕದಲ್ಲಿ ಕೂತು ಮಾಡಲಿ ಎಂದು ಹಾರೈಸುತ್ತೇವೆ. ಟೀಚರರ ರಜೆಗೆ ಕಾಯಬೇಕೆಂಬುದು ಬಿಟ್ಟರೆ, ಇಷ್ಟು ವರ್ಷಗಳ ಸೇವೆಗೆ ಅವರು ಸಮಿತಿಯಿಂದ ಬಾಯಿಬಿಟ್ಟು ಕೇಳಿದ್ದು ಇನ್ನೊಂದನ್ನೇ: ವೇದಿಕೆಯಲ್ಲಿ ಎರಡು ಕುರ್ಚಿಗಳ ನಡುವೆ ಹೂದಾನಿಯ ಟೀಪಾಯಿ ಇಡಬಾರದು. ಇಡುವುದಿಲ್ಲ ಎಂದು ಸಮಿತಿ ಮಾತು ಕೊಟ್ಟಿದೆ.